ಎರಡು ಇಂಚು ಅರವತ್ತು ಸೆಂಟು

ನಮ್ಮ ಕಡೆ ಮಳೆ ಎರಡು ಸಲ ಬರುತ್ತದೆ. ಒಂದು ಸಲ ಆಕಾಶದಿಂದ, ಇನ್ನೊಂದು ಸಲ ನಮ್ಮ ಓರಗಿತ್ತಿಯ ಬಾಯಿಂದ. ಆಕಾಶದಿಂದ ಬಂದದ್ದನ್ನು ಜಾವಳಿ ಸುತ್ತಿನಲ್ಲಿ ಯಾರೂ ಮಳೆ ಅಂತ ಒಪ್ಪುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಅವಳು "ಒಂದು ಇಂಚು ಮೂವತ್ತು ಸೆಂಟು" ಅಂದ ಮೇಲೆಯೇ ಬಂದ ಹಾಗೆ. ನೆಂದು ತೊಪ್ಪೆಯಾಗಿ ನಿಂತವರೂ ಅವಳನ್ನು ಕೇಳುತ್ತಾರೆ, "ಅಮ್ಮಾ, ರಾತ್ರಿ ಮಳೆ ಬಂತಾ?" ಅಂತ!

ಓರಗಿತ್ತಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಎದುರಿಗೆ "ಅಕ್ಕ, ನೀವು." ಬೆನ್ನ ಹಿಂದೆ "ಅವಳು." ಓರಗಿತ್ತಿಯರ ಪದ್ಧತಿಯೇ ಹಾಗೆ, ನಾನು ಮಾಡಿದ್ದಲ್ಲ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ದಾಸವಾಳದ ಬೇಲಿ. ಬೇಲಿಯ ಆಚೆ ಅವಳು ಕಾಫಿ ಒಣಗಿಸುವ ಕಣ. ಕಣದ ಅಂಚಿನಲ್ಲಿ ಮೊಣಕಾಲೆತ್ತರದ ಒಂದು ತಗಡಿನ ಡಬ್ಬ, ಅದರ ಮೇಲೆ ಲಾಳಿಕೆ, ಒಳಗೆ ಬಾಟ್ಲಿ. ಅದೇ ರೇನ್‌ಗೇಜು. ಬಿದ್ದ ಮಳೆ ಲಾಳಿಕೆಯಿಂದ ಬಾಟ್ಲಿಗೆ ಇಳಿಯುತ್ತದೆ. ಬೆಳಿಗ್ಗೆ ಅದನ್ನು ಗೆರೆ ಎಳೆದ ಗಾಜಿನ ಲೋಟಕ್ಕೆ ಸುರಿದು ನೋಡುವುದು. ನೂರು ಸೆಂಟಿಗೆ ಒಂದು ಇಂಚು. ಇಷ್ಟೇ ವಿದ್ಯೆ!

ಇಷ್ಟು ವಿದ್ಯೆಗೆ ಅವಳ ಜಂಬ ನೋಡಬೇಕು. ಅವಳು ಓದಿದ್ದು ನಾಲ್ಕನೇ ಕ್ಲಾಸು, ನಾನು ಎರಡನೇದು. ಎರಡು ಕ್ಲಾಸಿನ ವ್ಯತ್ಯಾಸಕ್ಕೆ ಅವಳ ಮನೆಗೆ ಎಂಟೂ ಕಾಲಿನಿಂದ ಫೋನು ಶುರು. ವಸ್ತಾರೆಯ ನೆಂಟರು, ಕೊಟ್ಟಿಗೆಹಾರದ ಗ್ಯಾರೇಜಿನ ಸಾಹೇಬರು, ಹೆಸರು ಗೊತ್ತಿಲ್ಲದ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳು.

"ಅಮ್ಮಾ, ನಮ್ದು ನಾಲ್ಕು ಇಂಚು. ನಿಮ್ದು?"

"ಎರಡು ಎಪ್ಪತ್ತು ಸಾಹೇಬ್ರೆ. ಘಟ್ಟದ ಬಾಯಲ್ಲಿ ಕೂತಿದ್ದೀರಿ, ನಿಮಗೆ ಬರದೆ ಇನ್ಯಾರಿಗೆ ಬರ್ತದೆ?"

ಫೋನು ನಮ್ಮ ಮನೆಯಲ್ಲೂ ಇತ್ತು. ಅದಕ್ಕೆ ಬರುತ್ತಿದ್ದದ್ದು ರಾಂಗ್ ನಂಬರು ಮಾತ್ರ.

ಒಂದು ವರ್ಷ ನಮ್ಮ ಹಲಸಿನ ಮರದ ಮೇಲೆ ಅವಳ ಕಣ್ಣು ಬಿತ್ತು.

"ನಿನ್ನ ಹಲಸು ನನ್ನ ಮಳೆ ಕದೀತಿದೆ ಕಣೆ."

"ಹಲಸಿನ ಮರ ಕಳ್ಳತನ ಮಾಡಿದ್ದು ಎಲ್ಲಾದ್ರೂ ಉಂಟಾ ಅಕ್ಕ?"

"ಗಾಳಿಗೆ ಮಳೆ ಓರೆಯಾಗಿ ಬರೋವಾಗ ಆ ಕೊಂಬೆ ಅಡ್ಡ ಹಿಡೀತದೆ. ಐದು ಸೆಂಟಾದ್ರೂ ನುಂಗ್ತದೆ, ಬರ್ದಿಟ್ಕೋ."

ನಮ್ಮ ಮನೆಯವರೋ, ಅತ್ತಿಗೆ ಹೇಳಿದರೆ ಮನೆಯ ಕಂಬ ಬೇಕಾದರೂ ಕಡಿಯುವ ಜನ. ಮಧ್ಯಾಹ್ನದೊಳಗೆ ಕೊಂಬೆ ನೆಲಕ್ಕೆ ಬಂತು. ಅದರಲ್ಲಿ ಹದಿನಾರು ಎಳೆಗಾಯಿ ಇದ್ದವು. ಆ ಮಳೆಗಾಲ ನಾವು ಹಲಸಿನ ಹಪ್ಪಳವಿಲ್ಲದೆ ಕಳೆದೆವು. ಕದ್ದ ಐದು ಸೆಂಟು ಅವಳಿಗೆ ವಾಪಸು ಸಿಕ್ಕಿತೋ ಇಲ್ಲವೋ, ನಾನು ಕೇಳಲಿಲ್ಲ.

ಈ ಹುಚ್ಚು ಶುರುವಾದದ್ದು ಅವಳ ಗಂಡನಿಂದ, ಅಂದರೆ ನಮ್ಮ ಭಾವನಿಂದ. ಮದುವೆಗೆ ಮೊದಲಿಂದಲೂ ಅಳೆದು ಬರೆಯುತ್ತಿದ್ದರು. ಅವರು ತೀರಿಕೊಂಡದ್ದು ಒಂದು ಬೆಳಗಿನ ಜಾವ. ಹಜಾರದಲ್ಲಿ ಹೆಣ, ಸುತ್ತ ಹೆಂಗಸರು, ನಡುವೆ ಇವಳು. ಗೋಡೆಯ ಗಡಿಯಾರ ಎಂಟು ಹೊಡೆಯಿತು. ಅಳುತ್ತಿದ್ದವಳು ಎದ್ದಳು! ಸೆರಗಿನಲ್ಲಿ ಮೂಗು ಒರೆಸಿಕೊಂಡು ನೇರ ಕಣಕ್ಕೆ ನಡೆದಳು. ಗಾಜಿನ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಒಳಗೆ ಹೋಗಿ ಬರೆದು, ಬಂದು ಕೂತು, ಬಿಟ್ಟಲ್ಲಿಂದ ಅಳು ಮುಂದುವರಿಸಿದಳು. ನಲವತ್ತು ಸೆಂಟು. ನನಗೆ ಹೇಗೆ ಗೊತ್ತು ಅಂದಿರಾ? ಅಳುವಿನ ನಡುವೆ ಕೇಳಿದವರಿದ್ದರು, ಅವಳು ಹೇಳಿದಳು! "ನಮ್ಮಲ್ಲಿ ಬರೀ ಇಪ್ಪತ್ತು" ಅಂತ ವಸ್ತಾರೆಯ ನೆಂಟರು ನಿಟ್ಟುಸಿರು ಬಿಟ್ಟರು. ಅದು ಭಾವನಿಗೋ ಮಳೆಗೋ ಗೊತ್ತಾಗಲಿಲ್ಲ.

ಅಂದಿನಿಂದ ಅವಳ ಹೊಗಳಿಕೆ ಊರು ತುಂಬ. "ಗಂಡ ಹೋದ ದಿನವೂ ಅಳತೆ ತಪ್ಪಿಸಲಿಲ್ಲ, ಎಂಥ ಹೆಂಗಸು ಮಾರಾಯ!" ನಮ್ಮ ಮನೆಯವರೂ ಊಟಕ್ಕೆ ಕೂತಾಗ ಅದೇ: "ಅತ್ತಿಗೆ ಒಂದು ದಿನ ತಪ್ಪಿಸಿಲ್ಲ ನೋಡು." ನಾನು ಬಡಿಸುತ್ತಾ ಕೇಳಿಸಿಕೊಳ್ಳಬೇಕು. ಅಲ್ಲ, ನಾನು ಒಂದು ದಿನ ಅಡುಗೆ ತಪ್ಪಿಸಿದ್ದೇನಾ? ಅದನ್ನು ಯಾರು ಯಾವ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ?

ಭಾವ ಹೋಗಿ ಐದು ತಿಂಗಳಾಗಿತ್ತು. ಹೂಮಳೆಯ ಕಾಲ. ಆ ಒಂದು ಮಳೆ ಹದವಾಗಿ ಬಿದ್ದರೆ ಕಾಫಿ ಹೂವಾಗುತ್ತದೆ, ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕರಟುತ್ತದೆ. ಬೆಳೆಗಾರರೆಲ್ಲ ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡಿದ್ದರು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕು ಹನಿ ಬಿದ್ದ ಗುರುತಿತ್ತು, ಅಷ್ಟೆ. ನಾನು ಬಾಗಿಲಿಗೆ ನೀರು ಹಾಕಲು ತುಂಬಿದ ಹಿತ್ತಾಳೆ ಚೊಂಬು ಹಿಡಿದು ಹೊರಗೆ ಬಂದೆ. ಬೇಲಿಯ ಆಚೆ ಆ ಡಬ್ಬ ಬಾಯಿ ತೆರೆದುಕೊಂಡು ಕೂತಿತ್ತು. ನನ್ನ ಕೈಯಲ್ಲಿ ನೀರಿತ್ತು. ಇನ್ನೇನು ಹೇಳಲಿ? ಬೇಲಿ ಸಂದಿಯಲ್ಲಿ ನುಗ್ಗಿ ಅಷ್ಟನ್ನೂ ಹುಯ್ದು ಬಂದೆ!

ಧೂಳು ಅಡಗದ ದಿನ ಇವಳು ದೊಡ್ಡ ಮಳೆ ಅಂತ ಸಾರಬೇಕು, ಊರು ನಗಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಎಂಟಕ್ಕೆ ಅಳೆದಳು. ನೆಲ ನೋಡಿದಳು, ಲೋಟ ನೋಡಿದಳು, ಮತ್ತೆ ನೆಲ ನೋಡಿದಳು. ನಾನು ಬೇಲಿಯ ಹಿಂದೆ ಸೊಪ್ಪು ಕೀಳುತ್ತಾ ಬಾಯಿಗೆ ಸೆರಗು ತುರುಕಿಕೊಂಡಿದ್ದೆ. ಫೋನಿನಲ್ಲಿ ಹೇಳಿಯೇಬಿಟ್ಟಳು: "ಎರಡು ಇಂಚು ಅರವತ್ತು ಸೆಂಟು."

ಯಾರಾದರೂ ನಕ್ಕರಾ? ಹತ್ತು ಗಂಟೆಗೆ ಅಂಗಳದ ತುಂಬ ಜೀಪು! ಅವಳು ಹೇಳಿದ ಮೇಲೆ ಸುಳ್ಳಾಗಲು ಸಾಧ್ಯವೇ? ಬಂದವರು ಗಿಡ ಮುಟ್ಟಿ ನೋಡಿದರು, ಮಣ್ಣು ಕೆದಕಿ ನೋಡಿದರು. ಮಣ್ಣು ಬೂದಿಯ ಹಾಗೆ ಒಣಗಿತ್ತು.

"ಕಾದ ನೆಲ ಮಾರಾಯ, ಅಷ್ಟೂ ಕುಡಿದುಬಿಟ್ಟಿದೆ" ಅಂದ ಒಬ್ಬ.

"ಮೋಡ ಸರಿಯಾಗಿ ಈ ಕಣದ ಮೇಲೇ ಒಡೆದಿದೆ, ನೋಡಿ ಬೇಕಾದ್ರೆ" ಅಂದ ಇನ್ನೊಬ್ಬ.

ಕೊಟ್ಟಿಗೆಹಾರದ ಸಾಹೇಬರು ರೇನ್‌ಗೇಜಿನ ಸುತ್ತ ಒಂದು ಸುತ್ತು ಬಂದು ತಲೆದೂಗಿದರು. ಬಂದವರಿಗೆಲ್ಲ ಕಾಫಿ ಕಾಸಿ ಕೊಟ್ಟವಳು ಯಾರು? ನಾನು! ಮೂರು ಸಲ ಹಾಲು ಕಾಯಿಸಿದೆ. ಹೊಟ್ಟೆಕಿಚ್ಚಿಗೆ ಒಲೆಯೇ ಬೇಕಿರಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಇಷ್ಟು ವರ್ಷದ ಮೇಲೆ, ಈಗ ಹೋದ ಚಳಿಗಾಲದಲ್ಲಿ, ಒಬ್ಬಳು ಹುಡುಗಿ ಹೆಗಲಿಗೆ ಚೀಲ ಹಾಕಿಕೊಂಡು ಬಂದಳು. ಹಳೆಯ ಮಳೆ ಪುಸ್ತಕಗಳನ್ನು ಉಳಿಸುವ ಕೆಲಸವಂತೆ. ನಮ್ಮ ಮೂಡಿಗೆರೆ, ಕಳಸ ಮಾತ್ರವಲ್ಲ, ಕೊಡಗು, ವಯನಾಡು, ನೀಲಗಿರಿ, ಸಮುದ್ರದಾಚೆ ಲಂಕೆಯ ಟೀ ತೋಟದವರೂ ಸೇರಿಕೊಂಡಿದ್ದಾರಂತೆ. ಎಲ್ಲರ ಲೆಕ್ಕವನ್ನೂ ಒಂದೇ ಕಡೆ ಇಟ್ಟು ನೋಡಿದರೆ ಮಳೆ ಹೇಗೆ ಬದಲಾಗಿದೆ ಅಂತ ಗೊತ್ತಾಗುತ್ತದಂತೆ.

"ಮೋಡಕ್ಕೆ ಯಾವ ರಾಜ್ಯ, ಯಾವ ದೇಶ ಹೇಳಿ ಅಮ್ಮ? ಅಳೆದವರು ಮಾತ್ರ ಬೇರೆ ಬೇರೆ ಕಡೆ ಕೂತಿದ್ದಾರೆ. ಎಷ್ಟೋ ಪುಸ್ತಕ ಗೆದ್ದಲಿಗೆ ಹೋಯ್ತು. ಎಷ್ಟೋ ಪುಸ್ತಕ ಹಳೇ ಪೇಪರಿನವರಿಗೆ ಹೋಯ್ತು" ಅಂದಳು.

ನಮ್ಮ ಓರಗಿತ್ತಿ ಟ್ರಂಕು ತೆರೆದಳು. ಭಾವನ ಕಾಲದ್ದೂ ಅವಳದ್ದೂ ಸೇರಿ ನಲವತ್ತು ವರ್ಷಕ್ಕೂ ಮೇಲ್ಪಟ್ಟ ಪುಸ್ತಕ, ಒಂದು ಹಾಳೆ ಹರಿದಿಲ್ಲ. ಹುಡುಗಿ ಬಿಳಿ ಬಟ್ಟೆ ಹಾಸಿ, ಬಾಣಂತಿ ಕೋಣೆಯಲ್ಲಿ ಕೂಸು ಎತ್ತುವ ಹಾಗೆ ಒಂದೊಂದೇ ಎತ್ತಿಟ್ಟು ಪುಟಪುಟಕ್ಕೂ ಫೋಟೋ ತೆಗೆದಳು. ಇವಳನ್ನೂ ರೇನ್‌ಗೇಜಿನ ಪಕ್ಕ ನಿಲ್ಲಿಸಿ ತೆಗೆದಳು! ನಾನೂ ಅಷ್ಟೇ ವರ್ಷ ಇದೇ ಮಳೆಯಲ್ಲಿ ಬಟ್ಟೆ ಒಣಗಿಸಿದ್ದೇನೆ, ಸೌದೆ ಒಣಗಿಸಿದ್ದೇನೆ. ನನ್ನ ಫೋಟೋ ಯಾರಿಗೆ ಬೇಕು? "ಅಜ್ಜಿ, ಸ್ವಲ್ಪ ಆಚೆ ನಿಲ್ತೀರಾ, ನಿಮ್ಮ ನೆರಳು ಬೀಳ್ತಿದೆ" ಅಂದಳು ನನಗೆ.

ತಿಂಗಳು ಕಳೆದು ಹುಡುಗಿ ಮತ್ತೆ ಬಂದಳು. ಈ ಸಲ ಮುಖ ಸಪ್ಪಗಿತ್ತು. ಒಂದು ಪುಸ್ತಕ ತೆಗೆಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಈ ದಿನದ್ದು ಕೂಡ್ತಾ ಇಲ್ಲ ಅಮ್ಮ. ಅವತ್ತು ವಸ್ತಾರೆಯಲ್ಲಿ ಎಂಟು ಸೆಂಟು, ಕೊಟ್ಟಿಗೆಹಾರದಲ್ಲಿ ಹನ್ನೆರಡು. ನಿಮ್ಮಲ್ಲಿ ಮಾತ್ರ ಎರಡು ಇಂಚು ಅರವತ್ತು. ಇಪ್ಪತ್ತಾರು ಸೆಂಟನ್ನ ಕೈತಪ್ಪಿ ಹೀಗೆ ಬರೆದಿರಾ?"

"ಕೈ ತಪ್ಪಲಿಲ್ಲ. ಲೋಟದಲ್ಲಿ ಇದ್ದದ್ದೇ ಅಷ್ಟು."

"ಅವರು ಹೋದ ಮೇಲೆ ನೀವು ಹೊಸದಾಗಿ ಹಿಡಿದ ಸಮಯ ಅದು. ಹಾಗಾಗಿ ನೀವು ಬರೆದ ಎಲ್ಲಾ ವರ್ಷಗಳನ್ನೂ ಸಂಶಯ ಅಂತ ಪಕ್ಕಕ್ಕೆ ಇಡೋಣ ಅಂತಿದ್ದಾರೆ ನಮ್ಮ ಜೊತೆ ಕೆಲಸ ಮಾಡೋರು. ತಪ್ಪಾಗಿದೆ ಅಂತ ಒಂದು ಸಾಲು ಬರೆದು ಸಹಿ ಹಾಕಿ ಅಮ್ಮ, ನಾನು ಒಪ್ಪಿಸ್ತೇನೆ."

"ಆಗದ ತಪ್ಪನ್ನ ಆಗಿದೆ ಅಂತ ಬರೆದ್ರೆ ಅದೇ ನನ್ನ ಮೊದಲನೇ ಸುಳ್ಳು ಲೆಕ್ಕ ಆಗ್ತದೆ ಮಗಾ. ನಾನು ಬರಿಯಲ್ಲ."

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಸುಳ್ಳು ಯಾಕೆ ಹೇಳಲಿ? ಅರ್ಧ ಲೋಟ ಕಾಫಿ ಕುಡಿಯುವಷ್ಟು ಹೊತ್ತು ಚೆನ್ನಾಗಿಯೇ ಆಯಿತು. ಅಷ್ಟರಲ್ಲಿ ಅವಳು ಪುಸ್ತಕಗಳನ್ನು ಎರಡು ರಾಶಿ ಮಾಡತೊಡಗಿದಳು. ಭಾವನ ಕೈಬರಹದ್ದನ್ನು ಹುಡುಗಿಯ ಕಡೆಗೆ ತಳ್ಳಿದಳು. ತನ್ನದನ್ನು ಮಡಿಲಿಗೆ ಎಳೆದುಕೊಂಡು ಮೇಲಿನ ರಟ್ಟನ್ನು ಸೆರಗಿನಿಂದ ಒರೆಸಿದಳು.

"ಇವರದ್ದಾದ್ರೂ ಇಟ್ಕೊಳ್ಳಿ. ಇವರ ಲೆಕ್ಕದಲ್ಲಿ ಯಾರಿಗೂ ಸಂಶಯ ಇಲ್ವಲ್ಲ."

ನಾನು ಕಾಫಿ ಲೋಟ ಕೆಳಗಿಟ್ಟೆ.

"ಅದು ಮಳೆ ಅಲ್ಲ ಅಕ್ಕ" ಅಂದೆ. "ನಾನು."

"ಎಂತ ನೀನು?"

"ನಾನು ಹುಯ್ದದ್ದು. ಚೊಂಬಲ್ಲಿ."

ಹುಡುಗಿಯ ಕೈಯಿಂದ ಪೆನ್ನು ಬಿತ್ತು. ನಮ್ಮವಳು ನನ್ನನ್ನೇ ನೋಡಿದಳು. ಯಾಕೆ ಹುಯ್ದೆ ಅಂತ ಕೇಳುತ್ತಾಳೆ ಅಂತ ಕಾದೆ. ಮನುಷ್ಯರಾದವರು ಅದನ್ನಲ್ಲವೇ ಕೇಳಬೇಕಾದ್ದು? ಅವಳು ಕೇಳಿದ್ದು:

"ಎಷ್ಟು ಹುಯ್ದೆ?"

"ಒಂದು ಚೊಂಬು."

"ತುಂಬ ಇತ್ತಾ, ಮುಕ್ಕಾಲಾ?"

"ಕಂಠಮಟ್ಟ."

"ಯಾವ ಚೊಂಬು?"

"ನಂದೇ ಹಿತ್ತಾಳೇದು. ತವರಿಂದ ತಂದದ್ದು."

"ಹೋಗಿ ತಗೊಂಡು ಬಾ."

ತಂದೆ. ಹುಡುಗಿ ಅದನ್ನು ತಿರುಗಿಸಿ ನೋಡಿ, "ಈ ತಗ್ಗು ಆವಾಗಲೂ ಇತ್ತಾ ಅಜ್ಜಿ?" ಅಂದಳು. ಮದುವೆಯ ದಿಬ್ಬಣದಲ್ಲೇ ಬಿದ್ದು ಆದ ತಗ್ಗು ಅಂತ ನಾನು ಸಾಕ್ಷಿ ಹೇಳಬೇಕಾಯಿತು. ಕಂಠಮಟ್ಟ ಅಂದರೆ ಎಲ್ಲಿಯವರೆಗೆ ಅಂತ ಬೆರಳಿಟ್ಟು ತೋರಿಸಬೇಕಾಯಿತು. ಅದೇ ಲಾಳಿಕೆಗೆ ನಾನೇ ಹುಯ್ಯಬೇಕಂತೆ, ಅವತ್ತು ಹುಯ್ದ ಹಾಗೇ! "ನಿಧಾನ ಹುಯ್ದಿದ್ದಾ, ಗಡಿಬಿಡಿಯಲ್ಲಾ?" ಅಂದಳು ಅಕ್ಕ. "ಕದ್ದು ಮಾಡೋ ಕೆಲಸ ಯಾರು ನಿಧಾನ ಮಾಡ್ತಾರೆ?" ಅಂದೆ. ಮೂರು ಸಲ ಹುಯ್ಯಿಸಿದರು. ಈ ವಯಸ್ಸಿನಲ್ಲಿ, ಮಟ ಮಟ ಬಿಸಿಲಲ್ಲಿ, ಕಣದ ನಡುವೆ ನಿಂತು ನಾನು ಮೂರು ಸಲ ಮಳೆಯಾದೆ.

ಮೂರು ಸಲವೂ ಗೆರೆ ಒಂದೇ ಕಡೆ ನಿಂತಿತು. ಎರಡು ಇಂಚು ಐವತ್ತು ಸೆಂಟು.

"ಅರವತ್ತರಲ್ಲಿ ಐವತ್ತು ಹೋದ್ರೆ ಹತ್ತು" ಅಂದಳು ಹುಡುಗಿ. "ಅವತ್ತು ನಿಜವಾಗಿ ಬಂದ ಮಳೆ ಹತ್ತು ಸೆಂಟು! ಸುತ್ತಲಿನ ಲೆಕ್ಕಕ್ಕೆ ಸರಿಯಾಗಿ ಕೂತ್ಕೊಳ್ತದೆ ಅಮ್ಮ. ನೀವು ಬರೆದದ್ದೂ ಸರಿ. ಒಂದು ಸೆಂಟೂ ತಪ್ಪಿಲ್ಲ." ಅವಳ ಕಣ್ಣಲ್ಲಿ ನೀರು. ಹತ್ತು ಸೆಂಟು ಮಳೆಗೆ ಪ್ರಾಣ ಬಿಡುವವರನ್ನು ನಾನು ಅಲ್ಲಿಯವರೆಗೆ ಒಬ್ಬಳನ್ನೇ ಕಂಡಿದ್ದೆ. ಈಗ ಇಬ್ಬರಾದರು! ಹಳೆಯ ಅಂಕಿಯನ್ನು ಹೊಡೆದುಹಾಕಬಾರದು, ಪಕ್ಕದಲ್ಲಿ ನಡೆದದ್ದನ್ನು ಬರೆಯಬೇಕು ಅಂತ ಹೇಳಿ ಪುಸ್ತಕ ತೆರೆದಿಟ್ಟಳು.

ಅಕ್ಕ ಪೆನ್ನು ಹಿಡಿದಳು. ಬರೆಯಲಿಲ್ಲ. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

"ಬೈಯಿರಿ ಅಕ್ಕ, ಮುಗಿಸಿಬಿಡಿ."

"ಇವರು ಹೋದ ಮೇಲೆ ಫೋನು ಬರ್ತಿತ್ತು ಕಣೆ" ಅಂದಳು. "ಎಷ್ಟು ಅಂತ ಕೇಳೋರು, ಇಡೋರು. ಹೇಗಿದ್ದೀರಿ ಅಂತ ಕೇಳ್ಲಿಲ್ಲ. ಐದು ತಿಂಗಳು ಈ ಅಂಗಳಕ್ಕೆ ಒಬ್ಬರೂ ಕಾಲಿಟ್ಟಿರಲಿಲ್ಲ. ಅವತ್ತು ಬಂದ್ರು. ಅಂಗಳದ ತುಂಬ ಜನ ಇದ್ರು, ಮಾತು ಇತ್ತು. ನೀನು ಎಲ್ಲರಿಗೂ ಕಾಫಿ ಕೊಟ್ಟೆ, ನನ್ನ ಕೈಗೂ ಒಂದು ಲೋಟ ಕೊಟ್ಟೆ. ಅವತ್ತು ನಾನು ಎರಡು ಹೊತ್ತು ಊಟ ಮಾಡಿದೆ."

ನಾನು ಪುಸ್ತಕವನ್ನು ಅವಳ ಹತ್ತಿರಕ್ಕೆ ಸರಿಸಿದೆ.

ಆಮೇಲೆ ಬರೆದಳು. ಇಂಚು, ಸೆಂಟು ಬಿಟ್ಟು ಬೇರೆ ಏನನ್ನೂ ಆ ಪುಸ್ತಕದಲ್ಲಿ ಬರೆದವಳಲ್ಲ. ನಾನು ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದೆ: "ಮಳೆ ಹತ್ತು ಸೆಂಟು. ಉಳಿದದ್ದು ತಂಗಿ ಕೊಟ್ಟದ್ದು."

"ಕೊಟ್ಟದ್ದಲ್ಲ ಅಕ್ಕ, ಹೊಟ್ಟೆಕಿಚ್ಚಿಗೆ ಹುಯ್ದದ್ದು. ಸರಿಯಾಗಿ ಬರೀರಿ" ಅಂತ ಆ ಸಾಲಿನ ಮೇಲೆ ಬೆರಳಿಟ್ಟೆ.

ಅವಳು ನನ್ನ ಬೆರಳನ್ನು ಹಿಡಿದು ಮೆಲ್ಲಗೆ ಆಚೆ ಸರಿಸಿದಳು.

"ಶಾಯಿ ಇನ್ನೂ ಹಸಿ ಉಂಟು. ಅಳಿಸೀಯ."