ಪಂಚರ್ ಔಷಧದ ಫಜೀತಿಗಳು

ಸೈಕಲ್ ಅಂಗಡಿ ಇಟ್ಟವನಿಗೆ ಬೇರೆ ಮನರಂಜನೆ ಬೇಕಾಗಿಲ್ಲ. ಬಾಗಿಲು ತೆಗೆದು, ಪಂಪು ಹೊರಗಿಟ್ಟು, ಸ್ಟೂಲಿನ ಮೇಲೆ ಕೂತರೆ ಸಾಕು, ಯಾರಾದರೊಬ್ಬರು ಏನಾದರೊಂದು ಹೊತ್ತುಕೊಂಡು ಬಂದೇ ಬರುತ್ತಾರೆ. ದಾಂಡೇಲಿಯಲ್ಲಿ ನಾನು ಅಂಗಡಿ ಹಾಕಿ ಬಹಳ ವರ್ಷವಾಯಿತು. ಆದರೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಮಾತ್ರ ಆ ಹಸಿರು ಬಾಟಲಿ ಬಂದ ಮೇಲೆಯೇ.

ಬಾಟಲಿ ಅಂದರೆ ಪಂಚರ್ ಔಷಧ. ಕಂಪನಿಯವರು ಏನೇನೋ ಇಂಗ್ಲಿಷ್ ಹೆಸರು ಬರೆದಿರುತ್ತಾರೆ. ನಮ್ಮ ಗಿರಾಕಿಗಳಿಗೆ ಅದು ‘ಔಷಧ’, ಕೆಲವರಿಗೆ ‘ಎಣ್ಣಿ’. ಹಸಿರು ಬಣ್ಣದ ಮಂದ ನೀರು, ಅದರೊಳಗೆ ಸಣ್ಣ ಸಣ್ಣ ನಾರಿನ ಚೂರು. ಟ್ಯೂಬಿನ ವಾಲ್ವ್ ಬಿಚ್ಚಿ, ಬಾಟಲಿಯ ಮೂತಿ ಇಟ್ಟು ಒಳಗೆ ಹಿಂಡಿ, ಗಾಳಿ ತುಂಬಿ, ಗಾಲಿಯನ್ನು ಗರಗರ ತಿರುಗಿಸಿದರೆ ಟ್ಯೂಬಿನ ತುಂಬ ಸವರಿಕೊಳ್ಳುತ್ತದೆ. ಆಮೇಲೆ ಬಿದಿರು ಮುಳ್ಳು ಚುಚ್ಚಲಿ, ಮೊಳೆ ಚುಚ್ಚಲಿ, ಗಾಳಿ ಹೊರಗೆ ಓಡುವಾಗ ಈ ಔಷಧ ಅದರ ಬೆನ್ನು ಹತ್ತಿ ಹೋಗಿ ತೂತಿನಲ್ಲಿ ಸಿಕ್ಕಿಕೊಂಡು ಗಟ್ಟಿಯಾಗುತ್ತದೆ. ಹೊರಗೆ ನಾಲ್ಕು ಹಸಿರು ಹನಿ ಕಾಣುತ್ತವೆ, ಅಷ್ಟೇ. ಕೆಲಸ ಇಷ್ಟು ಸರಳ. ಜನ ಇಷ್ಟು ಸರಳ ಇಲ್ಲವಲ್ಲ, ಫಜೀತಿ ಶುರುವಾಗುವುದು ಅಲ್ಲಿ.

ಮೊಳೆ ಪರೀಕ್ಷೆ

ಮೊದಲ ಪೆಟ್ಟಿಗೆ ಬಂದಾಗ ಯಾರೂ ನಂಬಲಿಲ್ಲ. ಕಾಗದದ ಮಿಲ್ಲಿನಿಂದ ನಿವೃತ್ತರಾದ ಅಜ್ಜ ಒಬ್ಬರು ದಿನಾ ನಮ್ಮ ಅಂಗಡಿಯ ಬೆಂಚಿನ ಮೇಲೆ ಪೇಪರು ಓದಲು ಬರುತ್ತಾರೆ. ಬೆಳಗಾವಿ ಕಡೆಯವರು, ದೊಡ್ಡ ದನಿ. ಪೇಪರು ಮಡಚಿಟ್ಟು ಅಂದರು:

“ತೂತು ಬಿದ್ರ ತಾನ ಮುಚ್ಚತೈತಿ ಅಂದ್ರ ಯಾರ ನಂಬ್ತಾರ್ಲೇ ತಮ್ಮಾ? ನನ್ನ ಸೈಕಲ್ಲಿಗೆ ಹಾಕು. ನನ್ನ ಕೈಲೇ ಮೊಳಿ ಹೊಡದು ನೋಡ್ತೇನಿ.”

ಹಾಕಿದೆ. ಅಜ್ಜ ನನ್ನದೇ ಸುತ್ತಿಗೆ ತಗೊಂಡು ಹಿಂದಿನ ಗಾಲಿಗೆ ಒಂದು ಮೊಳೆ ಹೊಡೆದು, ಇಕ್ಕಳದಿಂದ ಕಿತ್ತರು. ಚುಸ್ ಅಂದಿತು. ಹಸಿರು ಹನಿ ಉಕ್ಕಿತು. ಗಾಲಿ ತಿರುಗಿಸಿದೆ, ಸದ್ದು ನಿಂತೇಹೋಯಿತು. ಅಜ್ಜ ಗಾಲಿಯನ್ನು ಒತ್ತಿ ನೋಡಿದರು, ಮೂಸಿ ನೋಡಿದರು, ಆಮೇಲೆ ಎದುರಿನ ಕಟಿಂಗ್ ಅಂಗಡಿಯವನನ್ನು ಕೂಗಿದರು. “ಬಾರೋ ಇಲ್ಲಿ, ಮಜಾ ತೋರಸ್ತೇನಿ!” ಅವನ ಮುಂದೆ ಇನ್ನೊಂದು ಮೊಳೆ. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೂ ಅವನ ಹಿಂದೆಯೇ ಬಂದ, ಅವನಿಗಾಗಿ ಮತ್ತೊಂದು. ತರಕಾರಿ ಮಾರುವ ಹೆಂಗಸಿಗೆ ಒಂದು. ಸಂತೆಗೆ ಬಂದವರಿಗೆಲ್ಲ ಒಂದೊಂದು. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅಜ್ಜನ ಸೈಕಲ್ಲು ಹಸಿರು ಕೆರೆಯ ನಡುವೆ ಚಪ್ಪಟೆಯಾಗಿ ಕೂತಿತ್ತು. ಹಿಂದೊಮ್ಮೆ ನಾನೇ ಮಾರಿದ್ದ ಟೈರು ಹಿಟ್ಟು ಸೋಸುವ ಜರಡಿಯಂತಾಗಿತ್ತು.

“ಏನ್ ಅಜ್ಜಾ ಇದು?” ಅಂದೆ.

ಅಜ್ಜ ಸುತ್ತಿಗೆ ಕೆಳಗಿಟ್ಟು ಬಹಳ ಗಂಭೀರವಾಗಿ ಅಂದರು: “ಔಷಧ ಏಕದಂ ಛಲೋ ಐತಿ. ನೀ ಕೊಟ್ಟ ಟೈರ್ ಬರೊಬ್ಬರಿ ಇಲ್ಲ ನೋಡು.”

ಗುಮಾಸ್ತರ ಸಂಕಟ

ಒಂದು ಆಫೀಸಿನ ಗುಮಾಸ್ತರು ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋಗುತ್ತಾರೆ. ಒಂದು ದಿನ ಅವರ ಸಾಹೇಬರೇ ಸೈಕಲ್ಲು ತಳ್ಳಿಕೊಂಡು ನನ್ನ ಅಂಗಡಿಗೆ ಬಂದರು. “ಪಾಪ, ಇವರಿಗೆ ದಿನಾ ದಾರ್ಯಾಗ ಪಂಚರ್ ಆಗತೈತಿ. ದಿನಾ ತಡ ಆಗತೈತಿ. ಎರಡೂ ಗಾಲಿಗೆ ಔಷಧ ಹಾಕಿ ಕೊಡ್ರಿ, ನನ್ನ ಕಡೆಯಿಂದ ಕಾಣಿಕೆ” ಅಂದರು. ಗುಮಾಸ್ತರು ಹಿಂದೆ ನಿಂತಿದ್ದರು. ಕಾಣಿಕೆ ಸಿಕ್ಕವರ ಮುಖ ಹಾಗೆ ಇರುವುದನ್ನು ನಾನು ನೋಡಿರಲಿಲ್ಲ. ನನಗೂ ಆಶ್ಚರ್ಯ. ಊರಿನಲ್ಲಿ ಯಾರ ಗಾಲಿ ಕೂತರೂ ನನ್ನ ಹತ್ತಿರವೇ ಬರಬೇಕು, ಇವರ ಸೈಕಲ್ಲನ್ನು ನಾನು ಅದೇ ಮೊದಲ ಸಲ ನೋಡುತ್ತಿದ್ದೆ.

ಮರುದಿನ ಸಂಜೆ ಗುಮಾಸ್ತರು ಒಬ್ಬರೇ ಬಂದರು. ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

“ಇದನ್ನ ವಾಪಸ್ ತಗ್ಯಾಕ ಬರ್ತೈತೇನ್ರೀ?”

“ಯಾಕ್ರೀ? ಗಾಳಿ ನಿಲ್ಲವಲ್ತೇನು?”

“ನಿಂತೈತ್ರೀ, ಅದ ತ್ರಾಸ ಆಗೇತಿ. ಇವತ್ತ ಎಲ್ಲಾರಿಗಿಂತ ಮೊದಲ ಹೋಗಿ ಬಾಗಲಾ ತಗದೀನಿ. ಕಸಾ ಹೊಡಿಯಾಕಿ ನನ್ನ ನೋಡಿ ಕಳ್ಳ ಅಂತ ಚೀರಿದ್ಲು.”

ಒಳಗೆ ಹೋದ ಔಷಧ ಸುಲಭಕ್ಕೆ ಹೊರಗೆ ಬರುವುದಿಲ್ಲ, ಟ್ಯೂಬನ್ನೇ ಬದಲಿಸಬೇಕು ಅಂದೆ. ಗುಮಾಸ್ತರು ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ ನೋಡಿದರು. ಆಮೇಲೆ ಮುಖ ಅರಳಿತು.

“ಹೋಗ್ಲಿ ಬಿಡ್ರಿ. ಚೈನ್ ಹರೀದಂಗ ಮಾಡೂ ಔಷಧ ಇನ್ನೂ ಬಂದಿಲ್ಲ ಹೌದಲ್ಲ?”

ಹಿಟ್ಟಿನ ಗಾಲಿ

ನಮ್ಮ ಓಣಿಯ ಕೊನೆಗೆ ಗಂಡ ಹೆಂಡತಿ ಒಂದು ಸಣ್ಣ ನಾಷ್ಟಾ ಹೋಟೆಲ್ ನಡೆಸುತ್ತಾರೆ. ಹೆಂಡತಿ ಇಡ್ಲಿ ಬೇಯಿಸುತ್ತಾಳೆ, ಗಂಡ ಸೈಕಲ್ಲಿನ ಮೇಲೆ ಡಬ್ಬಿ ಕಟ್ಟಿಕೊಂಡು ಮನೆಮನೆಗೆ ಕೊಟ್ಟು ಬರುತ್ತಾನೆ. ಇಡ್ಲಿಯಲ್ಲಿ ತಪ್ಪು ಹುಡುಕದೆ ಅವನಿಗೆ ದಿನ ಹೋಗುವುದಿಲ್ಲ. “ಇವತ್ತೂ ಉಬ್ಬಿಲ್ಲ. ಕಲ್ಲು ಮಾರಿ ಬಂದಂಗ ಆಗತೈತಿ” ಅಂತ ಗಿರಾಕಿಗಳ ಮುಂದೆಯೇ ಅನ್ನುತ್ತಿದ್ದ.

ಅವನು ಒಮ್ಮೆ ನಾನು ಔಷಧ ಹಾಕುವುದನ್ನು ಪಕ್ಕದಲ್ಲೇ ಕೂತು ನೋಡಿದ. “ಇದರಾಗ ಏನೈತಿ ಮಹಾ? ಗಂಜಿಗೆ ಬಣ್ಣಾ ಹಾಕ್ಯಾರ” ಅಂದ. ಹೋಗುವಾಗ ಖಾಲಿ ಬಾಟಲಿ ಕೇಳಿ ತಗೊಂಡು ಹೋದ. ಕೊತ್ತಂಬರಿ ಸಸಿಗೆ ನೀರು ಹಾಕಲಿಕ್ಕೆ ಇರಬೇಕು ಅಂತ ನಾನೂ ಕೊಟ್ಟೆ.

ಮರುದಿನ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಹಿಟ್ಟಿನ ಗಿರಣಿಯ ಮುಂದೆ ಧಡ್ ಅಂತ ಸದ್ದಾಯಿತು. ಓಡಿಹೋಗಿ ನೋಡಿದರೆ ಇವನ ಸೈಕಲ್ಲು ಬಿದ್ದಿತ್ತು. ಹಿಂದಿನ ಟೈರಿನ ಪಕ್ಕೆ ಸೀಳಿ, ಗಿರಣಿಯ ಗೋಡೆ, ಸರತಿಯಲ್ಲಿ ನಿಂತವರ ಸೀರೆ, ಚೀಲ, ಎಲ್ಲದರ ಮೇಲೂ ಬೆಳ್ಳಗೆ ಏನೋ ಸಿಡಿದಿತ್ತು. ಎರಡು ನಾಯಿ ಆಗಲೇ ಗಾಲಿ ನೆಕ್ಕಲು ಶುರುಮಾಡಿದ್ದವು. ಹುಳಿ ವಾಸನೆ ಬೇರೆ. ಅವನು ಸೈಕಲ್ಲಿನ ಪಕ್ಕ ನಿಂತು, “ಔಷಧ ರೀ, ಮನ್ಯಾಗ ಮಾಡಿದ್ದು” ಅಂತ ಎಲ್ಲರಿಗೂ ಹೇಳುತ್ತಿದ್ದ.

ಅಷ್ಟರಲ್ಲಿ ಸದ್ದು ಕೇಳಿ ಹೆಂಡತಿ ಬಂದಳು. ಗೋಡೆಯ ಮೇಲಿನದನ್ನು ಬೆರಳಿನಿಂದ ಮುಟ್ಟಿ, ಮೂಸಿ, ಗಂಡನ ಕಡೆ ತಿರುಗಿದಳು. “ನಿನ್ನೆ ರುಬ್ಬಿಟ್ಟಿದ್ದ ಹಿಟ್ಟು ಕಡಿಮಿ ಹೆಂಗಾತು ಅಂತ ಮುಂಜಾನಿಂದ ಹುಡಕಾಕತ್ತೇನಿ!”

ಅವನು ತಲೆ ತಗ್ಗಿಸಿದ. ಹಿಟ್ಟನ್ನು ನೀರು ಮಾಡಿ ಟ್ಯೂಬಿಗೆ ಹಾಕಿದ್ದ. ಅದು ರಾತ್ರಿಯೆಲ್ಲ ಹುದುಗು ಬಂದು, ಬಿಸಿಲು ಬಿದ್ದ ಮೇಲೆ ಇನ್ನಷ್ಟು ಬಂದಿತ್ತು. ಈಗ ಇವನ ಗತಿ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡೆವು. ಆದರೆ ಅವಳು ಬೈಯಲೇ ಇಲ್ಲ. ಸೊಂಟದ ಮೇಲೆ ಕೈಯಿಟ್ಟು, ಸರತಿಯಲ್ಲಿದ್ದ ಗಿರಾಕಿಗಳನ್ನೆಲ್ಲ ಒಮ್ಮೆ ನೋಡಿ ಅಂದಳು:

“ನನ್ನ ಹಿಟ್ಟು ಉಬ್ಬಂಗಿಲ್ಲ ಅಂತಿದ್ದಿ ಅಲ್ಲ? ನೋಡ್ರಿ ಎಲ್ಲಾರೂ, ಟೈರ್ ಒಡದು ಹೋಗೂವಷ್ಟು ಉಬ್ಬೇತಿ!”

ಹಕ್ಕಿಯ ಜಾಡು

ಮೌಳಂಗಿ ಕಡೆಯ ಒಂದು ರೆಸಾರ್ಟಿನವರ ಬಾಡಿಗೆ ಸೈಕಲ್ಲು ರಿಪೇರಿ ಮಾಡಿ, ಅದನ್ನೇ ತುಳಿದುಕೊಂಡು ವಾಪಸ್ ಕೊಡಲು ಹೊರಟಿದ್ದೆ. ಬೆಳಗಿನ ತಂಪು. ಒಂದು ತಿರುವಿನಲ್ಲಿ ನಾಲ್ಕೈದು ಜನ ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಕೊರಳಲ್ಲಿ ದುರ್ಬೀನು, ತಲೆಗೆ ಟೊಪ್ಪಿಗೆ. ಹಕ್ಕಿ ನೋಡಲು ಪುಣೆಯಿಂದ ಬಂದವರು. ಜೊತೆಗೆ ರೆಸಾರ್ಟಿನ ಗೈಡ್, ಜೋಯಿಡಾದವನು, ನನ್ನ ಖಾಯಂ ಗಿರಾಕಿ.

“ತುಳೀಬ್ಯಾಡ್ರಿ!” ಅಂತ ಗೈಡ್ ಕೈಯೆತ್ತಿದ.

ಇಳಿದು ನೋಡಿದೆ. ರಸ್ತೆಯ ಮೇಲೆ ಒಂದು ಹಸಿರು ಹನಿ. ಅದರಾಚೆ ಇನ್ನೊಂದು. ಅದರಾಚೆ ಮತ್ತೊಂದು. ಅವರಲ್ಲಿ ಹಿರಿಯ ಹೆಂಗಸೊಬ್ಬರು ಭೂತಗನ್ನಡಿ ಹಿಡಿದು, ಹಕ್ಕಿಯ ಹಿಕ್ಕೆ ಇಷ್ಟು ಹಸಿರಾಗಿರುವುದನ್ನು ತಾನು ಎಲ್ಲೂ ಕಂಡಿಲ್ಲ ಅಂತ ಮರಾಠಿಯಲ್ಲಿ ಹೇಳುತ್ತಿದ್ದರು. ನನಗೆ ನೋಡಿದ ಕೂಡಲೇ ತಿಳಿಯಿತು. ಬಾಯಿ ತೆಗೆದೆ, ಗೈಡ್ “ಶ್!” ಅಂದ. “ಮಾತಾಡಿದ್ರ ಹಾರಿ ಹೋಗತೈತಿ.”

“ಅಲ್ಲೋ ಮಾರಾಯಾ, ಅದು...”

“ಶ್!”

ಗಿರಾಕಿಯ ಮಾತು ಮೀರಬಾರದು ಅಂತ ಸುಮ್ಮನೆ ಅವರ ಹಿಂದೆ ಸೈಕಲ್ಲು ತಳ್ಳಿಕೊಂಡು ನಡೆದೆ. ಗೈಡ್ ದಾರಿಯುದ್ದಕ್ಕೂ ಪಿಸುಮಾತಿನಲ್ಲಿ ವಿವರಿಸುತ್ತಿದ್ದ. ಹನಿಗಳ ನಡುವಿನ ದೂರ ಒಂದೇ ಸಮ ಇರುವುದರಿಂದ ಈ ಹಕ್ಕಿ ಬಹಳ ಶಿಸ್ತಿನದು. ಮರಕ್ಕೆ ಹೋಗದೆ ರಸ್ತೆಯ ಎಡಬದಿಯಲ್ಲೇ ಹೋಗಿರುವುದರಿಂದ ಮನುಷ್ಯರ ಅಭ್ಯಾಸ ಇರುವಂಥದು. ಎಲ್ಲರೂ ತಲೆಯಾಡಿಸುತ್ತಿದ್ದರು. ಒಬ್ಬರು ಪ್ರತಿ ಹನಿಯ ಫೋಟೋ ತೆಗೆಯುತ್ತಿದ್ದರು.

ಜಾಡು ಒಂದು ಚಹಾದ ಗೂಡಂಗಡಿಯ ಮುಂದೆ ಮುಗಿಯಿತು. ಅಲ್ಲಿ ಮೀನು ಮಾರುವವನ ಸೈಕಲ್ಲು ನಿಂತಿತ್ತು. ಹಿಂದಿನ ಟೈರಿನಲ್ಲಿ ಬಿದಿರು ಮುಳ್ಳೊಂದು ಸಿಕ್ಕಿಕೊಂಡು, ಅದರ ಬುಡದಿಂದ ಹಸಿರು ಔಷಧ ತೊಟ್ಟಿಕ್ಕುತ್ತಿತ್ತು. ಎಲ್ಲರೂ ಗಾಲಿ ನೋಡಿದರು. ಗೈಡ್ ಮರ ನೋಡಿದ. ಭೂತಗನ್ನಡಿಯ ಹೆಂಗಸು ಮೊದಲು ಕಿಸಕ್ಕನೆ ನಕ್ಕರು, ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ.

ಮೀನಿನವನಿಗೆ ಮಾತ್ರ ಏನೂ ತಿಳಿಯಲಿಲ್ಲ. ಚಹಾದ ಕಪ್ಪು ಹಿಡಿದು ಇವರ ದುರ್ಬೀನುಗಳನ್ನೆಲ್ಲ ನೋಡಿ ನನ್ನನ್ನು ಕೇಳಿದ:

“ದಿನಾ ನನ್ನ ಬೆನ್ನ ಹತ್ತಿ ಬೆಕ್ಕು ಬರ್ತಿದ್ವು. ಇವತ್ತೇನ್ರೀ, ಇಷ್ಟ ದೊಡ್ಡ ಮಂದಿ ಬಂದಾರ?”

ಹಳಿಯಾಳದ ಚಾಚಾ

ನಮ್ಮಪ್ಪ ಬೇಗ ತೀರಿಕೊಂಡರು. ನನಗೆ ಕೆಲಸ ಕಲಿಸಿದವರು ಅವರ ತಮ್ಮ, ಹಳಿಯಾಳದಲ್ಲಿ ಪಂಚರ್ ಅಂಗಡಿ ಇಟ್ಟಿರುವ ನನ್ನ ಚಾಚಾ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಬರುತ್ತದೆ ಅಂತ ನೋಡುವುದರಿಂದ ಹಿಡಿದು ಎಲ್ಲ ಅವರದೇ ವಿದ್ಯೆ.

ನಾನು ಔಷಧ ಮಾರುತ್ತೇನೆ ಅಂತ ಗೊತ್ತಾದ ದಿನ ಚಾಚಾ ಫೋನು ಮಾಡಿದರು. ನಮ್ಮ ಮನೆಮಾತು ಉರ್ದು. ಆದರೆ ಚಾಚಾ ಸಿಟ್ಟು ಬಂದರೆ ಕನ್ನಡಕ್ಕೆ ಇಳಿಯುತ್ತಾರೆ, ಸುತ್ತಲಿನ ನಾಲ್ಕು ಜನಕ್ಕೂ ತಿಳಿಯಲಿ ಅಂತ. “ಪಂಚರ್ ಆಗಲಾರದಂಗ ಮಾಡಿದ್ರ ಪಂಚರ್ ಅಂಗಡಿಯವ ಏನ್ ಮಾಡ್ಬೇಕಲೇ? ಕಲಿಸಿದವನ ಹೊಟ್ಟಿ ಮ್ಯಾಲ ಹೊಡದಿ” ಅಂದು ಫೋನು ಇಟ್ಟರು. ಆಮೇಲೆ ಮಾತೇ ಬಿಟ್ಟರು. ಈದ್‌ಗೆ ಹೋದರೆ ನಮ್ಮ ಅಮ್ಮನ ಜೊತೆ ಮಾತಾಡುತ್ತಿದ್ದರು, ನಾನು ಎದುರಿಗೆ ಕೂತಿದ್ದರೆ ನನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದರು. ನನಗೆ ಒಳಗೊಳಗೇ ಬಹಳ ಕೆಟ್ಟದೆನಿಸುತ್ತಿತ್ತು.

ಹೀಗಿರುವಾಗ ನನ್ನ ಮಗಳ ಮದುವೆ ಗಟ್ಟಿಯಾಯಿತು, ಹಳಿಯಾಳದ ಹುಡುಗನ ಜೊತೆ. ನಿಕಾಹದ ದಿನ ಹುಡುಗಿಯ ಒಪ್ಪಿಗೆ ಕೇಳಿ ಬರಲು ಮನೆಯ ಹಿರಿಯರೊಬ್ಬರು ಬೇಕು. ಚಾಚಾ ಇದ್ದೂ ಬೇರೆಯವರು ಆ ಕೆಲಸ ಮಾಡಿದರೆ ಮಗಳಿಗೂ ಸಮಾಧಾನವಿಲ್ಲ, ನನಗೂ ಇಲ್ಲ. ಅಮ್ಮನನ್ನು ಕರೆದುಕೊಂಡು ಹೋದೆ. ಚಾಚಾ ನೀರಿನ ಬೋಗುಣಿಯ ಮುಂದೆ ಕೂತಿದ್ದರು. ಅಮ್ಮ ಬಹಳ ಹೊತ್ತು ಹೇಳಿದಳು. ಕೊನೆಗೆ ಚಾಚಾ ಟ್ಯೂಬಿಗೇ ಹೇಳುವವರಂತೆ ಅಂದರು: “ಹುಡುಗಿ ಸಲುವಾಗಿ ಬರ್ತೇನಿ. ಆದ್ರ ಆ ಹಸಿರು ಬಾಟ್ಲಿ ಬಗ್ಗೆ ನನ್ನ ಮುಂದ ಯಾರೂ ಮಾತ ತಗೀಬಾರದು.”

ಮದುವೆಯ ಬೆಳಿಗ್ಗೆ ಹಳಿಯಾಳದ ಶಾದಿಮಹಲಿನ ಬಾಗಿಲಲ್ಲಿ ನಾನು ಕಾಯುತ್ತಿದ್ದೆ. ಬೀಗರು, ನಮ್ಮ ಕಡೆಯ ಹೆಂಗಸರು, ಅಡುಗೆಯವರು, ಅಂಗಳದ ತುಂಬ ಜನ. ಚಾಚಾ ಬಂದರು. ಹಾಲಿನಂಥ ಬಿಳಿ ಕುರ್ತಾ ಪೈಜಾಮ, ಹೊಸ ಟೋಪಿ, ಕೂತಿದ್ದು ಮಾತ್ರ ಅದೇ ಹಳೆಯ ಸೈಕಲ್ಲು. ಗೇಟಿನೊಳಗೆ ಠೀವಿಯಿಂದ ತುಳಿದು ಬಂದರು. ಪೆಂಡಾಲಿನವರು ಕೆಡವಿದ್ದ ಉದ್ದ ಮೊಳೆಯೊಂದು ಅಲ್ಲೇ ಬಿದ್ದಿತ್ತು. ಮುಂದಿನ ಗಾಲಿ ಸರಿಯಾಗಿ ಅದರ ಮೇಲೆಯೇ ಹಾಯ್ದಿತು.

ಚುಸ್!

ನಾನು ಓಡಿದೆ. ಅಷ್ಟರಲ್ಲಿ ಗಾಲಿ ಒಂದು ಸುತ್ತು ತಿರುಗಿ, ಹಸಿರು ಕಾರಂಜಿಯೊಂದು ಚಾಚಾರ ಬಿಳಿ ಪೈಜಾಮದ ಮೇಲೆ ಮೊಣಕಾಲಿನಿಂದ ಪಾದದವರೆಗೆ ಗೀಟು ಎಳೆಯಿತು. ಸದ್ದು ನಿಂತಿತು. ಗಾಲಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಅಂಗಳದವರೆಲ್ಲ ಇತ್ತ ತಿರುಗಿದರು. ಚಾಚಾ ಪೈಜಾಮ ನೋಡಿದರು, ಗಾಲಿ ನೋಡಿದರು, ಎಷ್ಟೋ ಕಾಲದ ಮೇಲೆ ನೇರ ನನ್ನ ಮುಖ ನೋಡಿದರು. ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ನಕ್ಕರೆ ಮದುವೆ ಕೆಡುತ್ತದೆ, ನಗದಿದ್ದರೆ ನಾನು ಸಾಯುತ್ತೇನೆ. ಅಷ್ಟರಲ್ಲಿ ನಮ್ಮ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುರ್ಚಿಯ ಮೇಲೆ ಕುಸಿದಳು. ಭುಜ ಕುಣಿಯುತ್ತಿದ್ದವು.

“ಏನ್ ನೋಡ್ತೀಯಲೇ?” ಅಂದರು ಚಾಚಾ, ಇಡೀ ಅಂಗಳಕ್ಕೆ ಕೇಳುವಂಥ ಕನ್ನಡದಲ್ಲಿ. “ಮುಂಜಾನಿಂದ ಸಂಜೀತನಕ ಮಂದಿ ಪಂಚರ್ ತಗದು ತಗದು ನಡಾ ಮುರದಿರ್ತೈತಿ. ಮನಿಗೆ ಹೋಗೂ ಮುಂದ ನನ್ನ ಗಾಲಿನೂ ಕೂತ್ರ, ಅದನ್ನ ಯಾರ ತಗೀಬೇಕು?”

“ಯಾರೂ ತಗೀಬಾರದು ಚಾಚಾ” ಅಂದೆ, ಕಷ್ಟಪಟ್ಟು. “ಆದ್ರ ನನಗ ಒಂದ ಮಾತ ಹೇಳಿದ್ರ ಮನಿಗೇ ತಂದ ಕೊಡ್ತಿದ್ನಲ್ಲಾ. ಎಲ್ಲಿ ತಗೊಂಡ್ರಿ?”

“ನಿನ್ನ ಕೂಡ ಮಾತ ಬಿಟ್ಟಿದ್ದೆ, ಹೆಂಗ ಕೇಳ್ಲಿ?” ಚಾಚಾರ ದನಿ ಇನ್ನೂ ಏರಿತು. “ಇಲ್ಲಿ ಕೊಂಡ್ರ ಊರಿಗೆ ಗೊತ್ತಾಗತೈತಿ. ನಿನ್ನ ಸಲುವಾಗಿ ಮುಂಡಗೋಡತನಕ ಹೋಗಬೇಕಾತು, ಬಸ್ಸಿನಾಗ ನಿಂತು! ಈ ವಯಸ್ಸಿನಾಗ!”

ಅಂಗಳದ ತುಂಬ ನಗೆ ಎದ್ದಿತು. ಬೀಗರು ಸಹ ಕಣ್ಣು ಒರೆಸಿಕೊಂಡರು. ಚಾಚಾ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, ಹಸಿರು ಗೀಟಿನ ಪೈಜಾಮವನ್ನು ಒಮ್ಮೆ ಜಾಡಿಸಿ, ಮದುಮಗಳ ಒಪ್ಪಿಗೆ ಕೇಳಲು ಮಹಲಿನ ಮೆಟ್ಟಿಲು ಹತ್ತಿದರು. ಹತ್ತಿದವರು ಅರ್ಧಕ್ಕೆ ನಿಂತು ತಿರುಗಿದರು. ಈ ಸಲ ಉರ್ದುವಿನಲ್ಲಿ, ಮೆಲ್ಲಗೆ ಅಂದರು:

“ಬೇಟಾ, ಹಿಂದಿನ ಗಾಲಿಗೆ ಇನ್ನೂ ಹಾಕಿಲ್ಲ. ಊಟ ಆದ ಮೇಲೆ ಸ್ವಲ್ಪ ನೋಡು.”