ಮಾವನ ಮಾತಿಲ್ಲದ ಪಿರಿಯಡ್

ನನ್ನ ಸೋದರಮಾವನಿಗೆ ಮಾತಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ಯಾಕೆಂದರೆ ಅವರು ಶಿರಿಯ ಹೊಳೆಯ ಹತ್ತಿರದ ಒಂದು ಪುಟ್ಟ ಎಲಿಮೆಂಟರಿ ಶಾಲೆಯ ಮಾಷ್ಟ್ರು. ಸರಕಾರ ಅವರಿಗೆ ಸಂಬಳ ಕೊಡುತ್ತಿದ್ದದ್ದೇ ಮಾತಾಡುವುದಕ್ಕೆ! ಹಾಗಿದ್ದೂ ಮಧ್ಯಾಹ್ನ ಎರಡು ಗಂಟೆಯಾಯಿತೆಂದರೆ ಅವರು ಹೆಗಲ ಮೇಲಿನ ಕೆಂಪು ಬೈರಾಸನ್ನು, ಅದೇ ಮೈ ಒರೆಸುವ ವಸ್ತ್ರವನ್ನು, ತೆಗೆದು ಶಾಲೆಯ ಬಾಗಿಲಿಗೆ ತೂಗುಹಾಕುತ್ತಿದ್ದರು. ಬೈರಾಸು ತೂಗಿತೆಂದರೆ ಮೂರು ಗಂಟೆಯವರೆಗೆ ಒಳಗೆ ಯಾರೂ ಬಾಯಿ ತೆರೆಯುವಂತಿಲ್ಲ. ಹೇಳುವುದಿದ್ದರೆ ಕೈಯಲ್ಲಿ ಹೇಳಬೇಕು. ಜಗಳವಾಡುವುದಿದ್ದರೂ ಕೈಯಲ್ಲೇ, ಅಂದರೆ ಹೊಡೆದು ಅಲ್ಲ, ಬೈದು!

ಇಷ್ಟೆಲ್ಲಾ ಕಮಲಳಿಗಾಗಿ. ಕಮಲ ಹೊಳೆ ದಾಟಿಸುವ ಕಡವಿನ ದೋಣಿಯವನ ಮಗಳು, ಹುಟ್ಟಿನಿಂದಲೇ ಕಿವಿ ಕೇಳದವಳು. ಅವಳನ್ನು ಶಾಲೆಗೆ ಸೇರಿಸುತ್ತೇನೆಂದು ಮಾವ ಹೋದಾಗ ದೋಣಿಯವನು ಹುಟ್ಟು ಹಾಕುವುದನ್ನೇ ನಿಲ್ಲಿಸಿದನಂತೆ.

“ಕಿವಿ ಕೇಳದ ಹುಡುಗಿಗೆ ಶಾಲೆ ಎಂತಕ್ಕೆ ಮಾಷ್ಟ್ರೇ?”

“ಕಿವಿ ಉಳ್ಳವರು ನನ್ನ ಪಾಠ ಕೇಳ್ತಾರೆ ಅಂತ ನಿನಗೆ ಯಾರು ಹೇಳಿದ್ದು ಮಾರಾಯ?” ಎಂದರಂತೆ ಮಾವ.

ಇಂಥ ಮಕ್ಕಳಿಗೆ ಕಲಿಸುವ ಟ್ರೇನಿಂಗ್ ಅವರಿಗೆ ಎಲ್ಲಿಂದ ಬರಬೇಕು? ದಿನಾ ಸಂಜೆ ದೋಣಿಯಲ್ಲಿ ಕೂತು ಅವರೂ ಕಮಲಳೂ ಒಂದೊಂದಕ್ಕೆ ಒಂದೊಂದು ಕೈಸನ್ನೆ ಕಟ್ಟಿದರು. ನೀರಿಗೆ ಒಂದು, ಮಳೆಗೆ ಒಂದು, ಕೂಡುವುದಕ್ಕೆ ಒಂದು, ಕಳೆಯುವುದಕ್ಕೆ ಒಂದು. ಸ್ವಲ್ಪ ದಿನದಲ್ಲೇ ಅವರಿಗೆ ಹೊಳೆಯಿತು: ಇಬ್ಬರಿಗೆ ಮಾತ್ರ ಗೊತ್ತಿದ್ದರೆ ಅದು ಗುಟ್ಟು, ಊರಿಗೆಲ್ಲ ಗೊತ್ತಿದ್ದರೆ ತಾನೆ ಭಾಷೆ? ಹಾಗೆ ಬೈರಾಸು ಬಾಗಿಲಿಗೆ ಬಂತು.

ಅದೇ ಶಾಲೆಯಲ್ಲಿ ಕಾಲಿನ ಸ್ವಾಧೀನವಿಲ್ಲದ ಹುಡುಗನೊಬ್ಬನಿದ್ದ. ಮಳೆಗಾಲದಲ್ಲಿ ಅವನನ್ನು ಹೊತ್ತು ತರುವುದು ಕಷ್ಟವೆಂದು ಮಾವ ಇಡೀ ಶಾಲೆಯನ್ನೇ, ಬೋರ್ಡು ಸಮೇತ, ಅವನ ಮನೆಯ ಜಗಲಿಗೆ ನಡೆಸಿಕೊಂಡು ಹೋಗುತ್ತಿದ್ದರು. ಕೊಡೆ ಹಿಡಿದದ್ದು ಬೋರ್ಡಿಗೆ, ಮಾವ ನೆನೆಯುತ್ತಿದ್ದರು. ಆ ಮೆರವಣಿಗೆ ಕಂಡು ನನ್ನ ಅಜ್ಜಿ ಹೇಳಿದ್ದು ಇಷ್ಟೇ: “ನಾಳೆ ಕಣ್ಣು ಕಾಣದ ಮಗು ಒಂದು ಬಂದರೆ ಇವ ಸೂರ್ಯನನ್ನೂ ನಂದಿಸಿಯಾನು.”

ಒಮ್ಮೆ ಬೈರಾಸು ತೂಗುತ್ತಿರುವಾಗಲೇ ಮೀನಿನವಳು ಬಂಗುಡೆ ಬುಟ್ಟಿ ಹೊತ್ತು ಒಳಗೆ ನುಗ್ಗಿದಳು. “ಮಾಷ್ಟ್ರೇ, ತಾಜಾ ಉಂಟು” ಎನ್ನುವಷ್ಟರಲ್ಲಿ ಇಡೀ ಶಾಲೆ ತುಟಿಗೆ ಬೆರಳಿಟ್ಟಿತು. ಮಾವ ಬೆರಳಲ್ಲಿ ಕ್ರಯ ಹೇಳಿದರು. ಅವಳು ಹಣೆ ಬಡಿದುಕೊಂಡಳು. ಕಡಲಿನ ಕಡೆ ತೋರಿಸಿ ಅಲೆ ಬರೆದಳು, ದೋಣಿ ಮಗುಚಿದಳು, ಗಂಡನನ್ನು ಮುಳುಗಿಸಿದಳು, ಕೊನೆಗೆ ಸೆರಗಲ್ಲಿ ಕಣ್ಣೊರೆಸಿದಳು. ಗಂಡ ಆಗ ಉಪ್ಪಳದ ಪೇಟೆಯಲ್ಲಿ ಚಹಾ ಕುಡಿಯುತ್ತಿದ್ದದ್ದು ಎಲ್ಲರಿಗೂ ಗೊತ್ತು! ಆದರೂ ಮಕ್ಕಳು ಎರಡೂ ಕೈ ಎತ್ತಿ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ. ಅವಳು ಕೇಳಿದಷ್ಟನ್ನು ಮಾವ ಕೊಟ್ಟರು. ಹೊರಗೆ ಬಂದು ಅವಳು ನನ್ನ ಅಮ್ಮನ ಹತ್ತಿರ, “ಬಾಯಲ್ಲಿ ಹೇಳಿದರೆ ಅರ್ಧಕ್ಕೆ ಇಳಿಸ್ತಿದ್ರು ಅಕ್ಕಾ. ಇನ್ನು ನಾನು ಬರುವುದೇ ಎರಡು ಗಂಟೆಗೆ” ಎಂದಳು.

ನಾನಾಗ ಮಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಓದುತ್ತಿದ್ದೆ. ಅಲ್ಲಿ ಚಿಕನ್‌ಪಾಕ್ಸ್ ಹಬ್ಬಿ ನಮ್ಮನ್ನೆಲ್ಲ ಮನೆಗೆ ಅಟ್ಟಿದಾಗ, ನನ್ನ ಉಪದ್ರ ತಡೆಯಲಾರದೆ ಅಮ್ಮ ನನ್ನನ್ನು ಮಾವನ ಶಾಲೆಗೆ ದೂಡಿದರು. ನಾನು ಸ್ಯಾಟಿನ್ ರಿಬ್ಬನ್ನಿನ ದೊಡ್ಡ ಬೋ ಕಟ್ಟಿಕೊಂಡು, ಈ ಹಳ್ಳಿ ಮಕ್ಕಳಿಗೆ ಸ್ವಲ್ಪ ಮ್ಯಾನರ್ಸ್ ಕಲಿಸೋಣವೆಂದು ಹೋದೆ. ಆ ಶಾಲೆಯಲ್ಲಿ ಎಲ್ಲರಿಗೂ ಒಂದೊಂದು ಕೈಹೆಸರು. ಹೆಸರಿಡುವುದು ಕಮಲಳ ಅಧಿಕಾರ. ಅವಳು ನನ್ನನ್ನು ಸುತ್ತು ಬಂದು ನೋಡಿ, ನೆತ್ತಿಯ ಮೇಲೆ ಅಂಗೈ ನಿಲ್ಲಿಸಿ ಬೆರಳುಗಳನ್ನು ಅಲ್ಲಾಡಿಸಿದಳು. ಹುಂಜದ ಜುಟ್ಟು! ಮಾವನೂ ಅವತ್ತಿನಿಂದ ನನ್ನನ್ನು ಕರೆದದ್ದು ಹಾಗೆಯೇ. ಮನೆಯಲ್ಲಿ ಕೂಡ. ಊಟದ ಹೊತ್ತಿಗೆ ಕೂಡ.

ಕಾನ್ವೆಂಟಿನಲ್ಲಿ ಚಂದ ಮಾತಾಡಿದ್ದಕ್ಕೆ ಇಲೊಕ್ಯೂಷನ್ ಪ್ರೈಜ್ ಪಡೆದ ನಾನು ಆ ಪಿರಿಯಡ್ಡಿನಲ್ಲಿ ಶುದ್ಧ ದಡ್ಡಿ. ‘ಬಾವಿ’ ಎಂದು ಹೇಳಲು ಹೋಗಿ ‘ಎಮ್ಮೆ’ ಎನ್ನುತ್ತಿದ್ದೆ. ಬಾವಿಗೆ ಕಿರುಬೆರಳು ಮಡಚಬೇಕು. ನನ್ನದು ಮಡಚುತ್ತಲೇ ಇರಲಿಲ್ಲ. ಕಮಲ ನಕ್ಕು ನಕ್ಕು ಬೆಂಚಿನಿಂದ ಬೀಳುತ್ತಿದ್ದಳು.

ಅಷ್ಟರಲ್ಲಿ ಸುದ್ದಿ ಬಂತು: ಶಾಲೆಗಳ ಇನ್ಸ್‌ಪೆಕ್ಟರು ಬರುತ್ತಾರೆ. ಮಾಷ್ಟ್ರು ಒಬ್ಬಳಿಗಾಗಿ ಎಲ್ಲ ಮಕ್ಕಳ ಒಂದು ಗಂಟೆ ಹಾಳು ಮಾಡುತ್ತಾರೆಂದು ಯಾರೋ ದೂರು ಕೊಟ್ಟಿದ್ದರು. ಆ ಹುಡುಗಿಗೆ ವಿದ್ಯೆ ಹತ್ತುವುದಿಲ್ಲವೆಂದು ಇನ್ಸ್‌ಪೆಕ್ಟರಿಗೆ ಕಂಡರೆ ಹೆಸರು ಹೊಡೆದುಹಾಕುತ್ತಾರೆ. ಕಮಲ ವಾಪಸು ದೋಣಿಗೆ. ಅವತ್ತು ರಾತ್ರಿ ಮಾವ ಮೀನು ಮುಟ್ಟಲಿಲ್ಲ. ಅಷ್ಟು ಹೇಳಿದರೆ ನಮ್ಮ ಊರಿನವರಿಗೆ ಗಾಂಭೀರ್ಯ ಅರ್ಥವಾದೀತು.

“ಆ ಒಂದು ದಿನ ಬೈರಾಸು ಹೆಗಲ ಮೇಲೇ ಇರಲಿ ಅಣ್ಣ” ಎಂದರು ಅಮ್ಮ.

“ಅವಳಿಗೆ ಮಾತು ಇರುವುದೇ ಆ ಒಂದು ಗಂಟೆ. ಇನ್ಸ್‌ಪೆಕ್ಟರು ಬಂದರು ಅಂತ ಬಾಯಿ ಮುಚ್ಚಿಸಲಾ?” ಎಂದರು ಮಾವ.

ಇನ್ಸ್‌ಪೆಕ್ಟರು ಬಂದದ್ದೂ ಎರಡೂವರೆಗೇ. ಹ್ಯಾಟು, ಬೂಟು, ಬೆತ್ತ. “ಕಿವಿ ಕೇಳದವಳು ಯಾರು?” ಎಂದರು. ಮಾವ ಬೈರಾಸು ತೋರಿಸಿ, ತುಟಿಗೆ ಬೆರಳಿಟ್ಟು, ಕೈಮುಗಿದರು. ಇನ್ಸ್‌ಪೆಕ್ಟರಿಗೆ ಸಿಟ್ಟು ಬರುವ ಬದಲು ಹಟ ಬಂತು: ತಾನೇ ಕಂಡುಹಿಡಿಯುತ್ತೇನೆ! ಮೆಲ್ಲ ನಮ್ಮ ಹಿಂದೆ ಹೋಗಿ ಬೆತ್ತದಿಂದ ಉದ್ದ ಡೆಸ್ಕಿಗೆ ರಪ್ಪನೆ ಹೊಡೆದರು.

ಯಾರೂ ತಿರುಗಲಿಲ್ಲ. ಆ ಪಿರಿಯಡ್ಡಿನಲ್ಲಿ ಸದ್ದಿಗೆ ತಿರುಗಿದವರು ಔಟ್. ಅದು ಮಕ್ಕಳೇ ಮಾಡಿಕೊಂಡ ಆಟ. ತಿರುಗಿದವಳು ಕಮಲ ಒಬ್ಬಳೇ. ಡೆಸ್ಕಿನ ಮೇಲಿಟ್ಟ ಅವಳ ಅಂಗೈಗೆ ಪೆಟ್ಟು ಮುಟ್ಟಿತ್ತು. ಅವಳು ಇನ್ಸ್‌ಪೆಕ್ಟರನ್ನು ನೋಡಿ ನಕ್ಕಳು. ಅವರು ಬೋರ್ಡಿನ ಮೇಲೆ ಲೆಕ್ಕ ಬರೆದರೆ, ಚಾಕ್ ಕೆಳಗಿಡುವ ಮೊದಲೇ ಬಿಡಿಸಿದಳು. ಆಮೇಲೆ ಸರದಿ ನನಗೆ ಬಂತು. ಉತ್ತರ ಗೊತ್ತಿತ್ತು, ಕೈಯಲ್ಲಿ ಹೇಳಲು ಗೊತ್ತಿರಲಿಲ್ಲ. ಬಾಯಿ ಅರ್ಧ ತೆರೆದು ಬೆರಳು ಮಡಚುತ್ತ, ಬಿಡಿಸುತ್ತ ನಿಂತೆ.

ಇನ್ಸ್‌ಪೆಕ್ಟರು ನನ್ನ ತಲೆ ಸವರಿ, ಇಂಗ್ಲಿಷಿನಲ್ಲಿ “ಪೂರ್ ಚೈಲ್ಡ್” ಎಂದರು.

ನನಗೆ! ಇಲೊಕ್ಯೂಷನ್ ಪ್ರೈಜಿನವಳಿಗೆ! ನಾಲಿಗೆಯ ತುದಿಗೆ ಒಂದು ಇಡೀ ಇಂಗ್ಲಿಷ್ ಸೆಂಟೆನ್ಸ್ ಬಂದು ನಿಂತಿತು. ಮಾವನನ್ನು ನೋಡಿದೆ. ಅವರ ಕೈ ಮೆಲ್ಲ ನೆತ್ತಿಗೆ ಹೋಗಿ ಬೆರಳುಗಳು ಅಲ್ಲಾಡಿದವು. ಕಮಲ ನನ್ನ ಲಂಗ ಹಿಡಿದಿದ್ದಳು. ಸೆಂಟೆನ್ಸನ್ನು ಹಾಗೇ ನುಂಗಿದೆ.

“ಈ ಹುಡುಗಿ ಸ್ವಲ್ಪ ಸ್ಲೋ. ಆದರೆ ನಿಮ್ಮ ಕೈಯಲ್ಲಿ ಸುಧಾರಿಸಿಯಾಳು, ಇರಲಿ ಮಾಷ್ಟ್ರೇ” ಎಂದರು ಇನ್ಸ್‌ಪೆಕ್ಟರು. “ನನ್ನನ್ನು ನೋಡಿ ನಕ್ಕ ಆ ಹುಡುಗಿ ಮಾತ್ರ ಬಹಳ ಬ್ರೈಟ್.”

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಮಾವ ಮೂರರ ಗಂಟೆ ಬಾರಿಸಿ, ಬೈರಾಸನ್ನು ಹೆಗಲಿಗೆ ಹಾಕಿಕೊಂಡು, “ನೀವು ಕನಿಕರಪಟ್ಟದ್ದು ಕಾನ್ವೆಂಟಿನ ಹುಡುಗಿಗೆ ಸರ್. ಕಿವಿ ಕೇಳದವಳು ನಿಮ್ಮ ಬ್ರೈಟ್ ಹುಡುಗಿ” ಎಂದುಬಿಟ್ಟರು. ಇನ್ಸ್‌ಪೆಕ್ಟರು ಬಹಳ ಹೊತ್ತು ಹ್ಯಾಟನ್ನು ಕೈಯಲ್ಲಿ ತಿರುಗಿಸಿದರು. ಆಮೇಲೆ ಎರಡೂ ಕೈ ಎತ್ತಿ ಅಲ್ಲಾಡಿಸಿದರು. ಅಷ್ಟು ಹೊತ್ತಿನಲ್ಲಿ ಅದನ್ನು ಯಾವಾಗ ಕಲಿತರೋ!

ಕಮಲಳ ಹೆಸರು ಉಳಿಯಿತು. ಓದಿದಳು, ಹೊಲಿಗೆ ಕಲಿತಳು, ಉಪ್ಪಳದಲ್ಲಿ ಮಿಷನ್ ಇಟ್ಟು ಅರ್ಧ ಊರಿಗೆ ರವಿಕೆ ಹೊಲಿದಳು.

ನಾನು ಮದುವೆಯಾಗಿ ಬೊಂಬಾಯಿ ಸೇರಿದೆ. ನಮ್ಮ ಊರು ಕೇರಳಕ್ಕೆ ಸೇರಿದ ಮರುವರ್ಷ ಮಾವನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಬಲಗೈ ಒಂದೇ ಆಡುತ್ತಿತ್ತು. ಅದನ್ನು ಮತ್ತೆ ಮತ್ತೆ ತಲೆಯ ಮೇಲೆ ಇಡುತ್ತಿದ್ದರಂತೆ. ತಲೆನೋವೆಂದು ಬಾಮ್ ಹಚ್ಚಿದರು. ಉಷ್ಣವೆಂದು ಎಣ್ಣೆ ತಟ್ಟಿದರು. ಕೊನೆಗೆ ಕ್ಷೌರ ಬೇಕೇನೋ ಎಂದು ಕ್ಷೌರದವನನ್ನೂ ಕರೆಸಿದರು! ನೋಡಲು ಬಂದ ಕಮಲ ಒಮ್ಮೆ ಆ ಕೈ ನೋಡಿದವಳೇ, ನನ್ನ ಅಮ್ಮನನ್ನು ಎಳೆದುಕೊಂಡು ಹೋಗಿ ಗೋಡೆಯ ಮೇಲಿದ್ದ ನನ್ನ ಫೋಟೋದ ಮುಂದೆ ನಿಲ್ಲಿಸಿದಳು. ನನಗೆ ಟೆಲಿಗ್ರಾಂ ಬಂತು.

ನಾನು ಊರು ಮುಟ್ಟಿದಾಗ ಮಧ್ಯಾಹ್ನ. “ಮಾವಾ” ಎಂದು ಅಳುತ್ತ ಓಡಿದವಳು ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟೆ. ಬಾಗಿಲಿಗೆ ಕೆಂಪು ಬೈರಾಸು ತೂಗುತ್ತಿತ್ತು. ಒಳಗೆ ಕಮಲ ತುಟಿಗೆ ಬೆರಳಿಟ್ಟಳು.

ಮಾವ ನನ್ನನ್ನು ನೋಡಿ, ಕೈಯನ್ನು ನೆತ್ತಿಗೆ ಒಯ್ದು ಬೆರಳು ಅಲ್ಲಾಡಿಸಿದರು. ನಾನು ಹತ್ತಿರ ಕೂತು, ಬೇರೇನೂ ತೋಚದೆ, ನೀರು ಬೇಕಾ, ನಮ್ಮ ಬಾವಿಯ ನೀರು, ಎಂದು ಕೈಯಲ್ಲೇ ಕೇಳಿದೆ.

ಅವರ ಬಾಯಿಯ ಒಂದು ಬದಿ ನಕ್ಕಿತು. ಆಡುವ ಆ ಒಂದು ಕೈಯನ್ನು ಮೆಲ್ಲಮೆಲ್ಲನೆ ಚಾಚಿ, ನನ್ನ ಕಿರುಬೆರಳನ್ನು ಹಿಡಿದು, ಮಡಚಿದರು.