ಶನಿವಾರದ ಕೊನೆಯ ಪೀರಿಯಡ್ಡು

ಶಾಲೆಯಲ್ಲಿ ಪಾಠ ನಡೆಯುವುದು ಗಂಟೆ ಹೊಡೆದಾಗ ಮಾತ್ರ. ಮಿಕ್ಕದ್ದೆಲ್ಲ ಗಂಟೆಗೆ ಕಾಯದೆ ನಡೆಯುತ್ತಲೇ ಇರುತ್ತದೆ. ನಗರದ ಅಂಚಿನಲ್ಲಿ, ಹೂಡಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಒಂದು ಪಕ್ಕ ಟೆಕ್ ಪಾರ್ಕು, ಇನ್ನೊಂದು ಪಕ್ಕ ಅಪಾರ್ಟ್‌ಮೆಂಟು, ನಡುವೆ ಧೂಳು ಕುಡಿದುಕೊಂಡು ನಾವು. ಯಾರಿಗೂ ಬೇಡದ ಕೆಲಸ ಕನ್ನಡ ಮೇಷ್ಟ್ರಿಗೆ ಎಂಬುದು ಎಲ್ಲ ಶಾಲೆಗಳ ಅಲಿಖಿತ ಕಾನೂನು. ಹಾಗಾಗಿ ಪ್ರಧಾನಮಂತ್ರಿ, ಮಂತ್ರಿಗಳು, ವಿರೋಧಪಕ್ಷ ಎಲ್ಲ ಇರುವ ಮಕ್ಕಳ ಶಾಲಾ ಸಂಸತ್ತು ನನ್ನ ಕೊರಳಿಗೆ ಬಿತ್ತು. ಸಹೋದ್ಯೋಗಿಗಳ ಹವ್ಯಾಸಗಳು ಮಾತ್ರ ಯಾರೂ ಹಂಚದೆಯೇ ಬಂದು ಬಿದ್ದವು.

೧. ಡಾಕ್ಟರ ಸಲಹೆ

ನಮ್ಮ ಹೆಡ್‌ಮಾಸ್ಟರು ಹುಬ್ಬಳ್ಳಿ ಕಡೆಯವರು. ಶಿಸ್ತಿನ ಮನುಷ್ಯರು, ಮನಸ್ಸು ಒಳ್ಳೆಯದು. ನಿವೃತ್ತಿ ಹತ್ತಿರವಾಯಿತು, ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದು ಅವರ ಡಾಕ್ಟರು ಹೇಳಿದರಂತೆ. ಔಷಧಿ ಬರೆದುಕೊಟ್ಟದ್ದು ಅವರಿಗೆ, ಕುಡಿದವರು ನಾವು. ಗಾಲಿಯಿರುವ ದೊಡ್ಡ ಕರೋಕೆ ಸ್ಪೀಕರೊಂದನ್ನು ತಂದು ಹಳೆಯ ಸಿನಿಮಾ ಹಾಡು ಹಾಡಲು ಶುರು ಮಾಡಿದರು. ಮನೆಯವರು ಎರಡೇ ದಿನಕ್ಕೆ ಕೈಮುಗಿದರು. ಸ್ಪೀಕರು ಶಾಲೆಗೆ ಬಂತು.

ಶನಿವಾರದ ಕೊನೆಯ ಪೀರಿಯಡ್ಡು ಹೈಸ್ಕೂಲು ಮಕ್ಕಳಿಗೆ ಆಟದ್ದು. ಅದು ರಾತ್ರೋರಾತ್ರಿ 'ಸಂಗೀತ ಸಂಸ್ಕಾರ' ಆಯಿತು. ಮಕ್ಕಳನ್ನೆಲ್ಲ ಹಾಲ್‌ನಲ್ಲಿ ಕೂರಿಸಿ ಅವರು ಹಾಡುವುದು, ನಾವು ಬಾಗಿಲ ಹತ್ತಿರ ನಿಂತು ತಲೆದೂಗುವುದು. ಪೀರಿಯಡ್ಡು ಕಳೆದುಕೊಂಡ ಪೀಟಿ ಮೇಷ್ಟ್ರಾದರೂ ತಕರಾರು ತೆಗೆದಾರೆಂದು ಕಾದೆ. ಅವರ ಹವ್ಯಾಸ ಮೊಬೈಲಿನಲ್ಲಿ ಚೆಸ್ ಆಡುವುದು. "ಬಿಡಿ ಸಾರ್, ಬಿಸಿಲಲ್ಲಿ ನಿಲ್ಲೋದು ತಪ್ತು" ಎಂದು ಕುದುರೆ ನಡೆಸಿದರು.

ತಕರಾರು ತೆಗೆದದ್ದು ಹತ್ತನೇ ಕ್ಲಾಸಿನ ಒಬ್ಬ ಹುಡುಗಿ. ಹುಡುಗಿಯರ ಖೋ ಖೋ ತಂಡದ ನಾಯಕಿ, ಅಪ್ಪ ಫ್ಯಾಕ್ಟರಿ ಕೆಲಸಗಾರ. ಸಂಜೆ ಗಂಟೆ ಹೊಡೆದ ಕೂಡಲೇ ಮಕ್ಕಳನ್ನು ಮನೆಗೆ ಬಿಡುವ ವ್ಯಾನು ಹೊರಡುತ್ತದೆ. ತಂಡಕ್ಕೆ ಅಭ್ಯಾಸಕ್ಕೆ ಇದ್ದದ್ದು ಆ ಒಂದು ಪೀರಿಯಡ್ಡು. ಹೋಬಳಿ ಮಟ್ಟದ ಕ್ರೀಡಾಕೂಟ ಬೇರೆ ಹತ್ತಿರ ಬರುತ್ತಿತ್ತು. ಹಿಂದಿನ ವರ್ಷ ಫೈನಲಿನಲ್ಲಿ ಸೋತು ಇಡೀ ತಂಡ ಅತ್ತುಕೊಂಡು ಬಂದಿತ್ತು, ಇದು ಅವಳ ಕೊನೆಯ ವರ್ಷ.

"ಸಾರ್, ಆ ಪೀರಿಯಡ್ ವಾಪಸ್ ಬೇಕು ಅಂದ್ರೆ ಯಾರನ್ನ ಕೇಳ್ಬೇಕು?" ಎಂದಳು.

ಹೆಡ್‌ಮಾಸ್ಟರ ಎದುರು ಹೋಗುವ ಧೈರ್ಯ ನನಗೆಲ್ಲಿ? "ಅದನ್ನೆಲ್ಲ ಪ್ರಧಾನಮಂತ್ರಿ ಸಂಸತ್ತಲ್ಲಿ ಕೇಳ್ಬೇಕಮ್ಮ" ಎಂದು ಜಾರಿಕೊಂಡೆ.

"ಸರಿ ಸಾರ್, ಹಾಗಾದ್ರೆ ಪ್ರಧಾನಮಂತ್ರಿ ಆಗ್ಬಿಡ್ತೀನಿ" ಎಂದಳು, ಅಂಗಡಿಗೆ ಹೋಗಿ ಕೊತ್ತಂಬರಿ ತರುತ್ತೇನೆ ಎಂಬಷ್ಟು ಸಲೀಸಾಗಿ.

೨. ಕ್ಲಬ್‌ಹೌಸ್ ರಾಜಕೀಯ

ನಮ್ಮಲ್ಲಿ ಪ್ರಧಾನಮಂತ್ರಿಯನ್ನು ಆರಿಸುವವರು ಕ್ಲಾಸ್ ಲೀಡರುಗಳು. ಅವಳ ಎದುರಾಳಿ ಪಕ್ಕದ ಅಪಾರ್ಟ್‌ಮೆಂಟಿನ ಹುಡುಗ. ಟೀವಿ ನ್ಯೂಸ್ ನೋಡಿ ಬೆಳೆದವನು, ಲೀಡರುಗಳನ್ನು ಎದುರಾಳಿ ಸೆಳೆಯದಂತೆ ಕೂಡಿಹಾಕಬೇಕೆಂಬ ಜ್ಞಾನ ಅವನಿಗಿತ್ತು. ಮತದಾನದ ಶನಿವಾರ ಬೆಳಗಾಗುತ್ತಲೇ ಮುಕ್ಕಾಲುಪಾಲು ಲೀಡರುಗಳನ್ನು ತನ್ನ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ಕರೆಸಿಕೊಂಡ. ಈಜು, ಮಸಾಲೆ ದೋಸೆ, ಆಮೇಲೆ ಶಾಲೆಯ ಮೊದಲ ಗಂಟೆಗೆ ನೇರ ಮತಗಟ್ಟೆ.

ಮೊದಲೆರಡು ಸುಸೂತ್ರವಾಗಿ ನಡೆದವು. ಆ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ದೊಡ್ಡವರಿಲ್ಲದೆ ಗೇಟು ದಾಟಬೇಕಾದರೆ ಮನೆಯವರು ಮೊಬೈಲಿನಲ್ಲಿ ಒಪ್ಪಿಗೆ ಒತ್ತಬೇಕು. ಅವನ ತಾಯಿ ಅದೇ ಕ್ಲಬ್‌ಹೌಸಿನ ಮಹಡಿಯಲ್ಲಿ ಮೊಬೈಲು ಆಫ್ ಮಾಡಿ ಧ್ಯಾನಕ್ಕೆ ಕೂತಿದ್ದರು. ಅದು ಮಗನಿಗೆ ಗೊತ್ತಿರಲಿಲ್ಲ. ಸೆಕ್ಯೂರಿಟಿಯವನ ಫೋನಿನಿಂದ ನನಗೆ ಕರೆ ಬಂತು.

"ಸಾರ್, ಬಹುಮತ ನನ್ ಹತ್ರಾನೇ ಇದೆ. ಗೇಟ್ ಬಿಡ್ತಿಲ್ಲ. ಸ್ವಲ್ಪ ಕಾಯ್ತೀರಾ?"

ನಾನು ಕಾಯಲು ಸಿದ್ಧನಿದ್ದೆ. ಹೆಡ್‌ಮಾಸ್ಟರು ಒಪ್ಪಲಿಲ್ಲ. "ತಡ ಆದ್ರ ಪೀರಿಯಡ್ಡೆಲ್ಲಾ ಮುಂದ ಹೋಗಿ ಹಾಡೋದಕ್ಕ ಟೈಮ್ ಸಾಲೂದಿಲ್ರಿ. ಇದ್ದವರ ವೋಟ್ ತಗೋರಿ" ಎಂದರು. ಇದ್ದವರೆಲ್ಲ ಖೋ ಖೋ ಹುಡುಗಿಯ ಕಡೆಯವರೇ. ಹಾಡು ನಿಲ್ಲಿಸಲೆಂದೇ ನಿಂತವಳನ್ನು ಹಾಡಿನ ಅವಸರವೇ ಗೆಲ್ಲಿಸಿತು.

ಎಂಟುಹತ್ತು ಒದ್ದೆ ತಲೆಗಳು ಶಾಲೆ ಮುಟ್ಟುವಷ್ಟರಲ್ಲಿ ಪ್ರಮಾಣವಚನ ಮುಗಿದಿತ್ತು. ಹುಡುಗನನ್ನು ವಿರೋಧಪಕ್ಷದ ನಾಯಕನನ್ನಾಗಿ ಮಾಡಿ ಸಮಾಧಾನ ಹೇಳಿದೆ. "ಪರ್ವಾಗಿಲ್ಲ ಸಾರ್" ಎಂದ. "ಮುಂದಿನ್ಸಲ ಗೇಟಿಲ್ಲದ ಜಾಗ ನೋಡ್ತೀನಿ."

೩. ಸೋರೆಕಾಯಿ ಸಮಿತಿ

ಗಣಿತದ ಮೇಷ್ಟ್ರ ಹವ್ಯಾಸ ತೋಟಗಾರಿಕೆ. ಮನೆಯಲ್ಲಿ ಜಾಗವಿಲ್ಲದ್ದಕ್ಕೆ ಶಾಲೆಯ ತಾರಸಿಯ ಮೇಲೆ ಸೋರೆಬಳ್ಳಿ ಹಬ್ಬಿಸಿದ್ದರು. ಸ್ಟಾಫ್ ರೂಮಿನಲ್ಲಿ ಅವರಿಗೆ ಎದುರಾದವರು ಸೋರೆಕಾಯಿಯಿಲ್ಲದೆ ಮನೆಗೆ ಹೋಗುವಂತಿರಲಿಲ್ಲ. ನನ್ನ ಹೆಂಡತಿ ಸಾಂಬಾರು, ಪಲ್ಯ, ದೋಸೆ ಎಲ್ಲ ಮಾಡಿ ಕೊನೆಗೆ, "ನಿಮ್ಗೆ ಬೇರೆ ಸ್ಕೂಲಲ್ಲಿ ಕೆಲ್ಸ ಸಿಗಲ್ವಾ?" ಎಂದು ಕೇಳಿದ್ದಳು.

ಸಂಸತ್ತಿನ ಮೊದಲ ಅಧಿವೇಶನದಲ್ಲೇ ವಿರೋಧಪಕ್ಷದ ನಾಯಕ ಎದ್ದು ನಿಂತ. "ಮಧ್ಯಾಹ್ನ ಕೈ ತೊಳೆಯೋಕೆ ನಲ್ಲಿಯಲ್ಲಿ ನೀರಿರಲ್ಲ. ಟ್ಯಾಂಕಿಯಿಂದ ಒಂದು ಪೈಪು ತಾರಸಿಯ ಬಳ್ಳಿಗೆ ಹೋಗಿದೆ. ನೀರಾವರಿ ಮಂತ್ರಿ ಉತ್ತರ ಕೊಡ್ಬೇಕು."

ನೀರಾವರಿ ಮಂತ್ರಿ ಎಂಟನೇ ಕ್ಲಾಸಿನವನು, ಗಣಿತದಲ್ಲಿ ಸ್ವಲ್ಪ ಹಿಂದೆ. ಗಣಿತದ ಮೇಷ್ಟ್ರು ಹಿಂದಿನ ಸಾಲಿನಲ್ಲೇ ಕೂತಿದ್ದರು. ಅವನು ಬೆವರೊರೆಸಿಕೊಂಡು, "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂದ. ನಾನು ಹೇಳಿಕೊಟ್ಟದ್ದಲ್ಲ, ದೇವರಾಣೆ.

ತನಿಖೆಗೆ ವಿರೋಧಪಕ್ಷದ ನಾಯಕನನ್ನೂ ಸೇರಿಸಿ ಸಮಿತಿಯಾಯಿತು. ಸಮಿತಿ ಮೆಟ್ಟಿಲು ಹತ್ತಿತು, ಹಿಂದೆಯೇ ಗಣಿತದ ಮೇಷ್ಟ್ರೂ ಹತ್ತಿದರು. ಸ್ವಲ್ಪ ಹೊತ್ತಿಗೆ ಸಮಿತಿ ಇಳಿದು ಬಂದು, ಯಾವುದೇ ಅಕ್ರಮ ಕಂಡುಬಂದಿಲ್ಲ ಎಂದು ವರದಿ ಕೊಟ್ಟಿತು. ಪ್ರತಿ ಸದಸ್ಯನ ಕಂಕುಳಲ್ಲೂ ಒಂದೊಂದು ಸೋರೆಕಾಯಿ ಇತ್ತು.

೪. ಕೂತು ಕೇಳುವವರು

ಅದೇ ಅಧಿವೇಶನದ ಕೊನೆಗೆ ಪ್ರಧಾನಮಂತ್ರಿ ಎದ್ದಳು. ಹೆಡ್‌ಮಾಸ್ಟರೇ ಸಭಾಧ್ಯಕ್ಷರು. ಹಾಡು ನಿಲ್ಲಿಸಿ ಎಂದರೆ ಬಯ್ಗುಳ ಸಂಸತ್ತನ್ನು ದಾಟಿ ನೇರ ನನ್ನ ಬಳಿಗೇ ಬರುತ್ತದೆ.

"ಸಾರ್, ನಿಮ್ಮ ಹಾಡು ಹಾಲ್‌ನಲ್ಲಿ ತುಂಬ ಗುಂಯ್‌ಗುಡುತ್ತೆ. ಬಯಲಲ್ಲಿ ಹಾಡಿದ್ರೆ ಊರಿಗೆಲ್ಲ ಕೇಳಿಸುತ್ತೆ. ಗ್ರೌಂಡ್‌ನಲ್ಲಿ ಹಾಡ್ತೀರಾ?"

ಹೆಡ್‌ಮಾಸ್ಟರ ಮುಖ ಅರಳಿತು. ಆದರೂ ಅನುಮಾನ. "ಗ್ರೌಂಡಿಗೆ ಬಿಟ್ರ ನೀವು ಓಡ್ಯಾಡಾಕ ಹತ್ತೀರಿ. ಹಾಡು ಕೇಳಾವ್ರು ಯಾರು?"

"ನಾವು ಸಾಲಾಗಿ ನೆಲದ ಮೇಲೆ ಕೂತೇ ಇರ್ತೀವಿ ಸಾರ್, ಎಂಟು ಜನ. ಒಬ್ಬಳು ಮಾತ್ರ ಓಡ್ತಿರ್ತಾಳೆ."

ಖೋ ಖೋದಲ್ಲಿ ಅಟ್ಟಿಸಿಕೊಂಡು ಹೋಗುವ ತಂಡ ಕೂರುವುದೇ ಹಾಗೆ. ಅದರಲ್ಲಿ ಸುಳ್ಳೆಂಬುದೇ ಇರಲಿಲ್ಲ, ತಪ್ಪಿಸಿಕೊಂಡು ಓಡುವವರ ಲೆಕ್ಕ ಮಾತ್ರ ಅವಳು ಕೊಡಲಿಲ್ಲ. ಒಬ್ಬಳು ತಾನೇ ಎಂದು ಸಭಾಧ್ಯಕ್ಷರು ಉದಾರವಾಗಿ ಒಪ್ಪಿಗೆ ಕೊಟ್ಟರು.

೫. ಫೈನಲು

ಅಂದಿನಿಂದ ಶನಿವಾರ ಮೈದಾನದ ಒಂದು ತುದಿಯಲ್ಲಿ ಹೆಡ್‌ಮಾಸ್ಟರು, ನಡುವೆ ಖೋ ಖೋ. ಅದು ಸುಲಭದ ಅಭ್ಯಾಸವಲ್ಲ. ಓಡುವವಳು ಹಿಂದಿನಿಂದ ಮುಟ್ಟಿ "ಖೋ" ಎಂದಮೇಲೇ ಕೂತವಳು ಏಳಬೇಕು. ಮುಂಚೆ ಎದ್ದರೆ ಫೌಲು, ಕೇಳಿಸದೆ ಕೂತರೆ ಎದುರಾಳಿ ಪರಾರಿ. ಆ ಸ್ಪೀಕರಿನ ಎದುರು "ಖೋ" ಕೇಳಿಸಿಕೊಳ್ಳಲು ಹುಡುಗಿಯರು ಮೊದಲು ಒದ್ದಾಡಿದರು, ಆಮೇಲೆ ಕಿವಿ ಪಳಗಿತು. ಕೊನೆಕೊನೆಗೆ ಅವರಿಗೆ ಹಾಡು ಕೇಳಿಸುತ್ತಲೇ ಇರಲಿಲ್ಲ. ನಮಗೆ ಆ ಭಾಗ್ಯವಿರಲಿಲ್ಲ.

ಹೋಬಳಿ ಕ್ರೀಡಾಕೂಟ ಬಂತು. ಫೈನಲಿನಲ್ಲಿ ಎದುರಾದದ್ದು ಹಿಂದಿನ ವರ್ಷ ಸೋಲಿಸಿದ ಅದೇ ಶಾಲೆ, ದಿನಾ ಎರಡು ಹೊತ್ತು ಅಭ್ಯಾಸ ಮಾಡುವ ತಂಡ. ನಮ್ಮ ನಾಯಕಿ ಕಟ್ಟಿದ ಲೇಸನ್ನೇ ಬಿಚ್ಚಿ ಮತ್ತೆ ಮತ್ತೆ ಕಟ್ಟುತ್ತಿದ್ದಳು. ಅಷ್ಟರಲ್ಲಿ ಸಂಘಟಕರು ಒಂದು ತಪ್ಪು ಮಾಡಿದರು. ಫೈನಲಿಗೆ ಮುಂಚೆ ಒಂದು ಸ್ವಾಗತಗೀತೆ ಹಾಡಿ ಎಂದು ನಮ್ಮ ಹೆಡ್‌ಮಾಸ್ಟರ ಕೈಗೆ ಮೈಕು ಕೊಟ್ಟರು.

ಸ್ವಾಗತಗೀತೆ ಮುಗಿಯಿತು, ಸೀಟಿ ಹೊಡೆಯಿತು, ಮೈಕು ವಾಪಸಾಗಲಿಲ್ಲ. ಹಾಡಿನ ಹಿಂದೆ ಹಾಡು. ಎದುರಾಳಿ ತಂಡದ ಹುಡುಗಿಯರಿಗೆ "ಖೋ" ಯಾವುದು, ಪಲ್ಲವಿ ಯಾವುದು ತಿಳಿಯಲಿಲ್ಲ. ಒಬ್ಬಳು ಬೇಗ ಎದ್ದು ಫೌಲಾದಳು, ಇನ್ನೊಬ್ಬಳು ಏಳಲೇ ಇಲ್ಲ. ನಮ್ಮವರು ಮನೆಯಂಗಳದಲ್ಲಿ ಆಡುವಂತೆ ಆಡುತ್ತಿದ್ದರು. ಅಂಪೈರು ಓಡಿ ಬಂದು ಕೈಮುಗಿದರು.

"ಸಾರ್, ದಯವಿಟ್ಟು..."

"ಅಯ್ಯ, ಸಂಕೋಚ ಯಾಕ್ರಿ? ಇನ್ನೊಂದು ಹಾಡ್ತೀನಿ ತಗೋರಿ" ಎಂದರು ಹೆಡ್‌ಮಾಸ್ಟರು.

ನಾವು ಗೆದ್ದೆವು. ನಾಯಕಿ ಅಳುತ್ತ ನಗುತ್ತ ಕಪ್ಪು ಹಿಡಿದುಕೊಂಡು ಬಂದಳು, ನನ್ನ ಕಣ್ಣೂ ಒದ್ದೆಯಾಯಿತು. ಸೋತ ಶಾಲೆಯ ಹೆಡ್‌ಮಿಸ್ಟ್ರೆಸ್ಸು ದೊಡ್ಡ ಮನಸ್ಸಿನಿಂದ ನಮ್ಮ ಹೆಡ್‌ಮಾಸ್ಟರ ಬಳಿಗೆ ಬಂದರು.

"ಇಷ್ಟು ಗಲಾಟೆಯಲ್ಲೂ ನಿಮ್ಮ ಮಕ್ಕಳಿಗೆ ಅದೇನು ಏಕಾಗ್ರತೆ ಸಾರ್! ಹೇಗೆ ಕಲಿಸಿದ್ರಿ?"

ಹೆಡ್‌ಮಾಸ್ಟರು ವಿನಯದಿಂದ ತಲೆ ತಗ್ಗಿಸಿದರು. "ಎಲ್ಲಾ ಸಂಗೀತದಿಂದ್ರಿ ಮೇಡಂ."

ನಾನು ಪ್ರಧಾನಮಂತ್ರಿಯ ಮುಖ ನೋಡಿದೆ.

"ಹೌದು ಮೇಡಂ" ಎಂದಳು ಅವಳು. "ಸಾರ್ ಹಾಡನ್ನ ತಡ್ಕೊಂಡವರಿಗೆ ಇದೇನ್ ಮಹಾ."